ಇಲ್ಲದ ಮುಖ ಕಾಣುವ ಕಣ್ಣು: ಒಂದು ಅಧ್ಯಯನಕ್ಷೇತ್ರ ಬೆಳೆದ ಬಗೆ

ಪಣಂಬೂರಿನ ಕಡಲತೀರದಲ್ಲಿ ಇಳಿತದ ಹೊತ್ತು ಹಸಿ ಮರಳಿನ ಮೇಲೆ ಅಕ್ಕಪಕ್ಕ ಉಳಿದ ಎರಡು ಏಡಿಬಿಲಗಳು, ಅವುಗಳ ಕೆಳಗೆ ಅಲೆ ಎಳೆದು ಬಿಟ್ಟ ಕರಿಮರಳಿನ ಬಾಗಿದ ಗೆರೆ, ಇಷ್ಟಿದ್ದರೆ ಸಾಕು, ನೋಡಿದವರಿಗೆ ಅಲ್ಲೊಂದು ಮುಖ ಕಾಣುತ್ತದೆ. ಅದು ಮುಖವಲ್ಲವೆಂದು ಅವರಿಗೆ ಮೊದಲಿನಿಂದಲೂ ಗೊತ್ತಿರುತ್ತದೆ, ಗೊತ್ತಿದ್ದರೂ ಮುಖ ಅಳಿಸಿಹೋಗುವುದಿಲ್ಲ. ಮೋಡ, ಗೋಡೆಯ ಪಾಚಿ, ಲಾರಿಯ ಮುಂಭಾಗ ಮುಂತಾದವುಗಳಲ್ಲಿ ಹೀಗೆ ಇಲ್ಲದ ಆಕೃತಿ ಕಾಣುವುದನ್ನು ಮನೋವಿಜ್ಞಾನ ಪ್ಯಾರಿಡೋಲಿಯಾ ಎಂದು ಕರೆಯುತ್ತದೆ. ಸಂಬಂಧವಿಲ್ಲದ ಸಂಗತಿಗಳ ನಡುವೆ ಸಂಬಂಧವನ್ನೂ ಕಾಕತಾಳೀಯದಲ್ಲಿ ಸೂಚನೆಯನ್ನೂ ಕಾಣುವ ಇನ್ನೂ ವಿಶಾಲವಾದ ಪ್ರವೃತ್ತಿಗೆ ಅಪೊಫೀನಿಯಾ ಎಂಬ ಹೆಸರಿದೆ. ಈ ಕ್ಷೇತ್ರದ ಇತಿಹಾಸವನ್ನು ಹತ್ತೊಂಬತ್ತನೆಯ ಶತಮಾನದ ಜರ್ಮನಿಯಿಂದ ಆರಂಭಿಸುವ ರೂಢಿಯಿದ್ದರೂ, ತಿಳಿವು ಬಂದ ಮೇಲೂ ತಪ್ಪು ಕಾಣ್ಕೆ ಏಕೆ ಉಳಿಯುತ್ತದೆ ಎಂಬ ಅದರ ಮೂಲಪ್ರಶ್ನೆ ಭಾರತೀಯ ದರ್ಶನಗಳಲ್ಲಿ ಬಹಳ ಹಿಂದೆಯೇ ಚರ್ಚೆಗೆ ಬಂದಿತ್ತು.

ಭ್ರಮೆ ಹುಟ್ಟುವ ಬಗೆಯನ್ನು ವಿವೇಚಿಸುವ ವಾದಗಳಿಗೆ ಖ್ಯಾತಿವಾದಗಳೆಂದು ಹೆಸರು. ಹಗ್ಗದಲ್ಲಿ ಹಾವು, ಕಪ್ಪೆಚಿಪ್ಪಿನಲ್ಲಿ ಬೆಳ್ಳಿ ಕಾಣುವುದು ಅವುಗಳ ರೂಢಿಯ ದೃಷ್ಟಾಂತಗಳು. ಹಾಗೆ ಕಂಡ ಬೆಳ್ಳಿ ಇದೆಯೆಂದೂ ಇಲ್ಲವೆಂದೂ ಹೇಳಲಾಗದ ಅನಿರ್ವಚನೀಯ ವಸ್ತುವೆಂದು ಅದ್ವೈತಿಗಳು ಹೇಳಿದರೆ, ಉಡುಪಿಯ ಸಮೀಪದ ಪಾಜಕದಲ್ಲಿ ಹುಟ್ಟಿದ, 13ನೆಯ ಶತಮಾನದ ಮಧ್ವಾಚಾರ್ಯರ ಪರಂಪರೆ ಅದು ಅತ್ಯಂತ ಅಸತ್ತೇ ಆಗಿದ್ದು, ಅಸತ್ತು ಕೂಡ ಇದ್ದಂತೆ ತೋರಬಲ್ಲದು ಎಂದು ವಾದಿಸಿತು. ಈ ನಿಲುವಿಗೆ ಅಭಿನವಾನ್ಯಥಾಖ್ಯಾತಿ ಎನ್ನುತ್ತಾರೆ. ಪ್ಯಾರಿಡೋಲಿಯಾಕ್ಕೆ ಇನ್ನೂ ಹತ್ತಿರವಾದದ್ದು ಅದೇ ಚರ್ಚೆಯಲ್ಲಿ ಬರುವ ಮತ್ತೊಂದು ವಿಂಗಡಣೆ. ದೀಪ ತಂದೊಡನೆ ಹಗ್ಗದ ಹಾವು ಇಲ್ಲವಾಗುವುದರಿಂದ ಅದು ನಿರುಪಾಧಿಕ ಭ್ರಮೆ. ಕೆಂಪು ದಾಸವಾಳದ ಪಕ್ಕದಲ್ಲಿಟ್ಟ ಸ್ಫಟಿಕವಾದರೋ ಬಣ್ಣವಿಲ್ಲದ್ದೆಂದು ತಿಳಿದ ಮೇಲೂ ಕೆಂಪಾಗಿಯೇ ಕಾಣುತ್ತದೆ, ಏಕೆಂದರೆ ಹಾಗೆ ಕಾಣಿಸುವ ನಿಮಿತ್ತ, ಅಂದರೆ ಉಪಾಧಿ, ಪಕ್ಕದಲ್ಲೇ ಉಳಿದಿರುತ್ತದೆ. ಮರಳಿನ ಮುಖ ಈ ಎರಡನೆಯ ಜಾತಿಗೆ, ಸೋಪಾಧಿಕ ಭ್ರಮೆಗೆ, ಸೇರಿದ್ದು. ಆದರೆ ಇಲ್ಲಿ ದಾಸವಾಳ ಹೊರಗೆಲ್ಲೂ ಇಲ್ಲ. ಉಪಾಧಿ ನೋಡುವವರ ಒಳಗೇ ಇರಬೇಕೆಂಬುದನ್ನು ತೋರಿಸಿಕೊಡಲು ಪ್ರಯೋಗಾಲಯಗಳಿಗೆ ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು.

ಕಾಣ್ಕೆಯ ಆಸರೆ ಒಂದೇ ಆದರೂ ಅದಕ್ಕೆ ಕೊಡುವ ಅರ್ಥ ಜನರಿಂದ ಜನರಿಗೆ ಬೇರೆಯಾಗುತ್ತದೆ ಎಂಬುದಕ್ಕೆ ಕರಾವಳಿಯಲ್ಲೇ ಸಾಕ್ಷ್ಯವಿದೆ. ಸುಲಿದ ತೆಂಗಿನಕಾಯಿಯ ಜುಟ್ಟು ಕಿತ್ತರೆ ಮೂರು ಕುಳಿಗಳು ಕಾಣುತ್ತವೆ, ಎರಡು ಗಟ್ಟಿ, ಮೊಳಕೆ ಹೊರಡುವ ಮೂರನೆಯದು ಮೆತ್ತಗೆ. ಇಲ್ಲಿಯವರು ಮೂರನ್ನೂ ಕಣ್ಣೆಂದೇ ಎಣಿಸಿ ಕಾಯಿಯನ್ನು ಮುಕ್ಕಣ್ಣನಿಗೆ ಹೋಲಿಸಿದರೆ, ಪೋರ್ಚುಗೀಸ್ ವೈದ್ಯ ಗಾರ್ಸಿಯ ದ ಒರ್ತ 1563ರಲ್ಲಿ ಗೋವೆಯಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ, ತನ್ನ ನಾಡಿನವರು ಅದೇ ಮೂರು ಕುಳಿಗಳಲ್ಲಿ ಕೋತಿಯಂಥ ಪ್ರಾಣಿಯ ಮುಖ ಕಂಡು ಕಾಯಿಗೆ ಹೆಸರಿಟ್ಟರೆಂದು ಬರೆದ. ತುಳುನಾಡಿನ ದೈವಾರಾಧನೆಯಲ್ಲಿ ಇದಕ್ಕೆ ತೀರಾ ವಿರುದ್ಧವಾದ ನಡೆಯೂ ಉಂಟು: ಮರದ ಬುಡದಲ್ಲೋ ಸಾನವೆಂಬ ದೈವದ ಗುಡಿಯಲ್ಲೋ ನೆಟ್ಟ ಕಲ್ಲು ಕಡೆಯದ ಕಲ್ಲಾಗಿಯೇ ದೈವದ ನೆಲೆಯಾಗುತ್ತದೆ, ಅದರಲ್ಲಿ ಯಾರೂ ಕಣ್ಣು ಬಾಯಿ ಹುಡುಕುವುದಿಲ್ಲ, ಮುಖ ಬರುವುದು ನೇಮದ ದಿನ, ಮುಖವರ್ಣಿಕೆ ಮತ್ತು ಲೋಹದ ಮೊಗದ ಜೊತೆಗೆ. ಪ್ರಕೃತಿಯಲ್ಲಿ ಮನುಷ್ಯರೂಪ ಕಾಣುವ ಪ್ರವೃತ್ತಿಯೇ ಧರ್ಮದ ಮೂಲವೆಂದು 1993ರ ತಮ್ಮ ಪುಸ್ತಕದಲ್ಲಿ ವಾದಿಸಿದ ಅಮೆರಿಕದ ಮಾನವಶಾಸ್ತ್ರಜ್ಞ ಸ್ಟೀವರ್ಟ್ ಗತ್ರಿ ಅವರ ಸಿದ್ಧಾಂತ ಈ ಕಲ್ಲುಗಳ ಮುಂದೆ ಸ್ವಲ್ಪ ತಡವರಿಸುತ್ತದೆ.

ಯುರೋಪಿನಲ್ಲಿ ಅಧ್ಯಯನ ಹೊರಟದ್ದು ರೋಗಲಕ್ಷಣಗಳ ಪಟ್ಟಿಯಿಂದ. ಜರ್ಮನ್ ಮನೋವೈದ್ಯ ಕಾರ್ಲ್ ಕಾಲ್‌ಬಾಮ್ 1866ರಲ್ಲಿ ಪ್ಯಾರಿಡೋಲಿಯಾ ಎಂಬ ಪದವನ್ನು ಇಂದ್ರಿಯಭ್ರಮೆಗಳ ವರ್ಗೀಕರಣದಲ್ಲಿ ಬಳಸಿದ. ಸ್ವಿಟ್ಜರ್ಲೆಂಡಿನ ಹರ್ಮನ್ ರೋರ್ಶಾಕ್ 1921ರಲ್ಲಿ ಹತ್ತು ಮಸಿಗಲೆಗಳ ಪರೀಕ್ಷೆಯನ್ನು ಪ್ರಕಟಿಸಿ, ಕಲೆಯಲ್ಲಿ ಏನು ಕಂಡಿತೆಂಬುದರಿಂದ ಕಂಡವರ ಮನಸ್ಸನ್ನು ಓದಲು ಹೊರಟ. ಅದರ ವಿಶ್ವಾಸಾರ್ಹತೆಯ ಜಗಳ ಇಂದಿಗೂ ಮುಗಿದಿಲ್ಲ. ಅಪೊಫೀನಿಯಾದ ಬೀಜರೂಪವಾದ ಕಲ್ಪನೆಯನ್ನು 1958ರಲ್ಲಿ ಕೊಟ್ಟ ಕ್ಲೌಸ್ ಕಾನ್ರಾಡ್ ಅವರು, ಸ್ಕಿಜೋಫ್ರೇನಿಯಾದ ಆರಂಭದಲ್ಲಿ ರೋಗಿಗೆ ಸುತ್ತಲಿನ ಸಾಮಾನ್ಯ ಸಂಗತಿಗಳೆಲ್ಲ ತನ್ನನ್ನೇ ಕುರಿತ ಸಂಕೇತಗಳಾಗಿ ತೋರುವ ಸ್ಥಿತಿಯನ್ನು ವರ್ಣಿಸಲು ಅದನ್ನು ಬಳಸಿದ್ದರು. ಮಟ್ಕಾ ಚೀಟಿಯ ಹಳೆಯ ಅಂಕಿಗಳಲ್ಲಿ ನಾಳೆಯ ಅಂಕಿ ಹುಡುಕುವ ಆರೋಗ್ಯವಂತರಿಗೂ ಆ ಪದ ಅನ್ವಯವಾದದ್ದು ಆಮೇಲೆ.

ರೋಗದ ಚೌಕಟ್ಟಿನಿಂದ ಈ ವಿಷಯವನ್ನು ಹೊರತಂದದ್ದರಲ್ಲಿ ವೈದ್ಯರಿಗಿಂತ ಎಂಜಿನಿಯರುಗಳ ಪಾಲು ದೊಡ್ಡದು. ಇದನ್ನು ಪಣಂಬೂರಿನ ನವಮಂಗಳೂರು ಬಂದರಿಗೆ ಬರುವ ಹಡಗಿನ ರೇಡಾರನ್ನು ಇಟ್ಟುಕೊಂಡು ವಿವರಿಸಬಹುದು. ಮಳೆಗಾಲದ ಕಡಲಿನಲ್ಲಿ ಅಲೆಗಳೇ ರೇಡಾರಿನ ತರಂಗವನ್ನು ಹಿಂದಿರುಗಿಸಿ ಪರದೆಯ ನಡುವಿನ ಭಾಗವನ್ನೆಲ್ಲ ಚುಕ್ಕೆಗಳಿಂದ ತುಂಬುತ್ತವೆ. ಇದಕ್ಕೆ ಸೀ ಕ್ಲಟರ್ ಎನ್ನುತ್ತಾರೆ. ಅದನ್ನು ತಗ್ಗಿಸುವ ಗುಂಡಿಯನ್ನು ಹೆಚ್ಚು ತಿರುಗಿಸಿದರೆ ಅಲೆಯ ಚುಕ್ಕೆಗಳ ಜೊತೆಗೆ, ತರಂಗವನ್ನು ಕ್ಷೀಣವಾಗಿ ಹಿಂದಿರುಗಿಸುವ ಸಣ್ಣ ಮೀನುಗಾರಿಕಾ ದೋಣಿಯೂ ಮಾಯವಾಗುತ್ತದೆ. ಕಡಿಮೆ ತಿರುಗಿಸಿದರೆ ಪ್ರತಿ ಅಲೆಯೂ ದೋಣಿಯಂತೆ ತೋರುತ್ತದೆ. ಎರಡು ತಪ್ಪುಗಳನ್ನೂ ಒಟ್ಟಿಗೆ ಇಲ್ಲವಾಗಿಸುವ ಯಾವ ನೆಲೆಯೂ ಆ ಗುಂಡಿಗೆ ಇಲ್ಲ, ಯಾವ ತಪ್ಪು ಹೆಚ್ಚು ದುಬಾರಿ ಎಂಬುದನ್ನು ನೋಡಿ ನೆಲೆ ಆರಿಸಬೇಕು. ಈ ಲೆಕ್ಕಾಚಾರವನ್ನು ಸಂಕೇತಪತ್ತೆ ಸಿದ್ಧಾಂತ ಎಂಬ ಹೆಸರಿನಲ್ಲಿ 1954ರ ಹೊತ್ತಿಗೆ ಟ್ಯಾನರ್ ಮತ್ತು ಸ್ವೆಟ್ಸ್ ಮನುಷ್ಯರ ದೃಷ್ಟಿಗೆ ಅನ್ವಯಿಸಿದರು. ಗ್ರೀನ್ ಮತ್ತು ಸ್ವೆಟ್ಸ್ ಅವರ 1966ರ ಗ್ರಂಥ ಅದನ್ನು ನೆಲೆಗೊಳಿಸಿತು. ಪೊದೆಯನ್ನು ಹುಲಿಯೆಂದು ಬಗೆದು ಓಡಿದವನಿಗೆ ದಣಿವು ಮಾತ್ರ, ಹುಲಿಯನ್ನು ಪೊದೆಯೆಂದು ಬಗೆದವನಿಗೆ ಜೀವಹಾನಿ ಎಂದಾದರೆ, ಇಲ್ಲದ್ದನ್ನು ಕಾಣುವ ಕಣ್ಣು ಕೆಟ್ಟ ಕಣ್ಣಲ್ಲ, ಎಚ್ಚರಿಕೆಯ ಕಡೆಗೆ ವಾಲಿಸಿಟ್ಟ ಕಣ್ಣು.

ಹಾಗೆ ವಾಲಿಸಿದ ಯಂತ್ರ ತಲೆಯೊಳಗೆ ಎಲ್ಲಿದೆ ಎಂಬುದು ಮುಂದಿನ ಪ್ರಶ್ನೆಯಾಯಿತು. ಮಿದುಳಿನ ಪೆಟ್ಟಿನಿಂದ ಮುಖಗಳನ್ನಷ್ಟೇ ಗುರುತಿಸಲಾಗದವರನ್ನು ಕುರಿತು ಬೋಡಾಮರ್ 1947ರಲ್ಲಿ ಬರೆದಿದ್ದರು. ನ್ಯಾನ್ಸಿ ಕಾನ್ವಿಶರ್ ಮತ್ತು ಸಹೋದ್ಯೋಗಿಗಳು 1997ರಲ್ಲಿ, ಮುಖ ಕಂಡಾಗ ಇತರ ವಸ್ತುಗಳಿಗಿಂತ ಹೆಚ್ಚು ಸ್ಪಂದಿಸುವ, ಮಿದುಳಿನ ತಳಭಾಗದ ಫ್ಯೂಸಿಫಾರ್ಮ್ ಮಡಿಕೆಯ ಒಂದು ತುಣುಕನ್ನು ತೋರಿಸಿದರು. ಮುಖದಂತೆ ಕಾಣುವ ವಸ್ತುಗಳಿಗೂ ಆ ಪ್ರದೇಶ ಸುಮಾರು 165 ಮಿಲಿಸೆಕೆಂಡಿನಲ್ಲಿ, ಅಂದರೆ ಯೋಚನೆಗೆ ಎಡೆಯೇ ಇಲ್ಲದಷ್ಟು ಬೇಗ, ಸ್ಪಂದಿಸುತ್ತದೆಂದು 2009ರಲ್ಲಿ ಹಾಜಿಖಾನಿ ಅವರ ತಂಡ ಕಂಡಿತು. ಅಂಥ ವಸ್ತು ಮೊದಲು ಮುಖವಾಗಿ ಗಣನೆಗೆ ಬಂದು, ಕಾಲು ಸೆಕೆಂಡಿನೊಳಗೆ ಬರಿಯ ವಸ್ತುವಾಗಿ ಮರುವಿಂಗಡಣೆಗೊಳ್ಳುತ್ತದೆಂದು ಸೂಸನ್ ವಾರ್ಡಲ್ ಮತ್ತಿತರರ 2020ರ ಅಧ್ಯಯನ ತಿಳಿಸಿತು. ಸ್ಫಟಿಕದ ಪಕ್ಕದ ದಾಸವಾಳ ಇಲ್ಲಿ ಈ ಮೊದಲ ಗಣನೆಯೇ. ಅರಿವು ಅದನ್ನು ತಿದ್ದಬಲ್ಲದು, ನಡೆಯದಂತೆ ತಡೆಯಲಾರದು. ರೀಸಸ್ ಕೋತಿಗಳೂ ಇಂಥ ವಸ್ತುಗಳ ಕಣ್ಣು ಬಾಯಿಗಳಂಥ ಭಾಗದಲ್ಲೇ ನೋಟ ನಿಲ್ಲಿಸುತ್ತವೆಂದು 2017ರಲ್ಲಿ ಗೊತ್ತಾದ ಮೇಲೆ, ಇದು ಮನುಷ್ಯರ ಕಥೆ ಕಲ್ಪನೆಗಳಿಂದ ಮಾತ್ರ ಬಂದದ್ದೆಂಬ ವಾದ ದುರ್ಬಲವಾಯಿತು. ಆದರೂ ಕಲಿಕೆಗೆ ಇಲ್ಲಿ ಕೆಲಸವಿಲ್ಲವೆಂದಲ್ಲ: ಇಲ್ಲದ ಮುಖಗಳನ್ನು ಜನ ಹೆಚ್ಚಾಗಿ ಗಂಡುಮುಖವೆಂದೇ ಬಗೆಯುತ್ತಾರೆ ಎಂದು ವಾರ್ಡಲ್ ತಂಡದ 2022ರ ಫಲಿತಾಂಶ ಹೇಳುತ್ತದೆ. ತೆಂಗಿನಕಾಯಿಯ ಮುಕ್ಕಣ್ಣನೂ ಗಂಡೇ.

ನಿರೀಕ್ಷೆಯ ಬಲವನ್ನು ಅಳೆದದ್ದು ಕಾಂಗ್ ಲೀ ಮತ್ತು ಸಹೋದ್ಯೋಗಿಗಳ 2014ರ ಪ್ರಯೋಗ. ಅರ್ಧದಷ್ಟು ಚಿತ್ರಗಳಲ್ಲಿ ಮುಖವಿದೆಯೆಂದು ನಂಬಿಸಿ ಬರಿಯ ಬೂದುಚುಕ್ಕೆಗಳ ಚಿತ್ರ ತೋರಿಸಿದಾಗ ಜನ ಸುಮಾರು ಮೂರರಲ್ಲೊಂದು ಸಲ ಮುಖ ಕಂಡೆವೆಂದರು. ಆ ವರ್ಷದ ಇಗ್ ನೊಬೆಲ್ ಎಂಬ ವಿನೋದದ ಪ್ರಶಸ್ತಿ ಅದಕ್ಕೆ ಸಂದಿತಾದರೂ ವಿಷಯ ನಗೆಯದಲ್ಲ. ಲೂಯಿ ಬಾಡಿ ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆಯಲ್ಲಿ ಅನೇಕ ರೋಗಿಗಳು ಹೂವಿನಲ್ಲೂ ಗೋಡೆಯಲ್ಲೂ ಜನರನ್ನು ಕಾಣುತ್ತಾರೆ; ಜಪಾನಿನ ಉಚಿಯಾಮ ಮತ್ತಿತರರು 2012ರಲ್ಲಿ ರೂಪಿಸಿದ ಚಿತ್ರಪರೀಕ್ಷೆ ಆಲ್ಝೈಮರ್ ರೋಗದಿಂದ ಅದನ್ನು ಬೇರ್ಪಡಿಸಲು ನೆರವಾಗುತ್ತದೆ.

ಇತ್ತೀಚಿನ ಕವಲು ಯಂತ್ರದೃಷ್ಟಿಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ಪಿ. ಅರುಣ್ ಅವರ ಪ್ರಯೋಗಾಲಯ 2021ರಲ್ಲಿ, ತಲೆಕೆಳಗಾದ ಮುಖದಲ್ಲಿ ಕಣ್ಣು ಬಾಯಿಗಳನ್ನಷ್ಟೇ ತಿರುಗಿಸಿದರೆ ಮನುಷ್ಯರಿಗೆ ಆ ವಿಕಾರ ಕಣ್ಣಿಗೆ ಹೊಡೆಯದ ಥ್ಯಾಚರ್ ಪರಿಣಾಮ, ಮುಖಗಳನ್ನೇ ಕಲಿತ ಕೃತಕ ನರಜಾಲದಲ್ಲೂ ಇದೆಯೆಂದು ವರದಿ ಮಾಡಿತು. 2024ರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು ಇಲ್ಲದ ಮುಖಗಳ ಐದು ಸಾವಿರ ಚಿತ್ರಗಳನ್ನು ಕಲೆಹಾಕಿ ಪರೀಕ್ಷಿಸಿದಾಗ, ಮನುಷ್ಯರ ಮುಖಗಳನ್ನಷ್ಟೇ ಕಲಿತ ಪತ್ತೆಯಂತ್ರ ಬಹುಪಾಲು ಸೋತಿತು. ಪ್ರಾಣಿಗಳ ಮುಖಗಳನ್ನೂ ಕಲಿಸಿದ ಮೇಲೆ ಅದರ ಪತ್ತೆ ಗಮನಾರ್ಹವಾಗಿ ಸುಧಾರಿಸಿತು. ಈ ಶಕ್ತಿ ಮನುಷ್ಯರನ್ನು ಗುರುತಿಸಲೆಂದಷ್ಟೇ ಅಲ್ಲದೆ ಮೃಗಗಳನ್ನು ಬೇಗ ಕಂಡುಹಿಡಿಯಲೆಂದೂ ಬೆಳೆದಿರಬಹುದೆಂಬ ಊಹೆಗೆ ಇದರಿಂದ ಬಲ ಬಂದಿದೆ.