ಬಿಟ್ಟವರ ಖರ್ಚು, ಉಳಿದವರ ಖರ್ಚು: ಫೋನಿನ ವ್ಯವಸ್ಥೆ ಬದಲಿಸುವ ಅರ್ಥಶಾಸ್ತ್ರದ ಬಗ್ಗೆ ಒಂದು ತಕರಾರು

ಐಫೋನ್ ಬಳಸುವವರು ಅದನ್ನು ಬಿಟ್ಟು ಆಂಡ್ರಾಯ್ಡ್‌ಗೆ ಹೋಗುವುದು ಯಾಕಿಷ್ಟು ಅಪರೂಪ? ಎಪಿಕ್ ಗೇಮ್ಸ್ ಕಂಪನಿ ಆಪಲ್ ಮೇಲೆ ಹೂಡಿದ ಮೊಕದ್ದಮೆಯಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಧೀಶೆ ಇವಾನ್ ಗೊನ್ಸಾಲೆಸ್ ರಾಜರ್ಸ್ 2021ರ ಸೆಪ್ಟೆಂಬರ್‌ನಲ್ಲಿ ತೀರ್ಪು ಕೊಡುವಾಗ ಈ ಪ್ರಶ್ನೆಯನ್ನೂ ಎದುರಿಸಬೇಕಾಯಿತು. ಬಿಡುವವರು ಕಡಿಮೆ ಇರುವುದಕ್ಕೆ ಗ್ರಾಹಕರ ತೃಪ್ತಿಯೇ ಕಾರಣವಿದ್ದೀತು, ಅವರು ಕಟ್ಟಿಬಿದ್ದಿದ್ದಾರೆಂದು ಎಪಿಕ್ ಸಾಬೀತುಪಡಿಸಿಲ್ಲ ಎಂಬುದು ಆ ತೀರ್ಪಿನ ನಿಲುವು. ತೀರ್ಪು ಸರಿಯೋ ತಪ್ಪೋ ಎಂಬುದು ನನ್ನ ವಿಷಯವಲ್ಲ. ವಾದಿ, ಪ್ರತಿವಾದಿ, ನ್ಯಾಯಾಲಯ ಮೂವರೂ ಪ್ರಶ್ನೆ ಕೇಳಿದ್ದು ಒಬ್ಬ ಬಳಕೆದಾರನನ್ನು ಮುಂದಿಟ್ಟುಕೊಂಡು: ಅವನಿಗೆ ತೃಪ್ತಿಯಿದೆಯೇ, ಇಲ್ಲವೇ ಅವನು ಸಿಕ್ಕಿಬಿದ್ದಿದ್ದಾನೆಯೇ? ಫೋನಿನ ಮಟ್ಟಿಗೆ ಈ 'ಒಬ್ಬ' ಎಂಬ ಎಣಿಕೆಯಲ್ಲೇ ತೊಡಕಿದೆ ಎಂಬುದು ಈ ಲೇಖನದ ವಾದ.

ಸಾಹಿತ್ಯ ಸಮೀಕ್ಷೆಯನ್ನು ಲಂಬಿಸಬೇಕಾಗಿಲ್ಲ. ಒಂದು ಸರಕಿನಿಂದ ಇನ್ನೊಂದಕ್ಕೆ ಹೋಗುವಾಗ ಗ್ರಾಹಕ ತೆರಬೇಕಾದ ಖರ್ಚನ್ನು ಪಾಲ್ ಕ್ಲೆಂಪರರ್ 1987ರಲ್ಲಿ ಮಾರುಕಟ್ಟೆಯ ಮಾದರಿಯೊಳಗೆ ತಂದರು. ಅದನ್ನು ವ್ಯಾಪಾರಸ್ಥರ ಕೈಪಿಡಿಯ ಭಾಷೆಗೆ ಇಳಿಸಿದವರು ಕಾರ್ಲ್ ಶಪಿರೊ ಮತ್ತು ಹ್ಯಾಲ್ ವೇರಿಯನ್ (1999). ಟೈಪ್‌ರೈಟರಿನ ಕೀಲಿಮಣೆಯನ್ನು ಉದಾಹರಣೆಗೆ ಹಿಡಿದು 1985ರಲ್ಲಿ ಪಾಲ್ ಡೇವಿಡ್ ಎತ್ತಿದ ವಾದ, ಅದನ್ನು 1990ರಲ್ಲಿ ಲೀಬೊವಿಟ್ಸ್ ಮತ್ತು ಮಾರ್ಗೊಲಿಸ್ ತಳ್ಳಿಹಾಕಿದ ರೀತಿ ಎರಡೂ ಓದುಗರಿಗೆ ಗೊತ್ತಿರುವಂಥವೇ. ಖರ್ಚಿನಲ್ಲಿ ಹಣ, ಹೊಸದಾಗಿ ಕಲಿಯುವ ಶ್ರಮ, ಹಳೆಯ ದತ್ತಾಂಶದ ಸಾಗಣೆ ಎಂಬ ಮೂರು ಭಾಗಗಳಿವೆ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಈ ಮೂರೂ ಇಳಿಮುಖವಾಗಿವೆ ಎಂಬುದನ್ನೂ ಒಪ್ಪಬಹುದು. ಆ್ಯಪ್‌ಗಳಲ್ಲಿ ಬಹುಪಾಲು ಪುಕ್ಕಟೆ. ಎರಡೂ ಕಡೆಯ ಪರದೆಗಳು ಒಂದನ್ನೊಂದು ನೋಡಿ ಬರೆದಂತಿವೆ. ಫೋಟೊ, ಫೋನ್ ನಂಬರುಗಳನ್ನು ಸಾಗಿಸಲು 2015ರಲ್ಲಿ ಆಪಲ್, 2022ರಲ್ಲಿ ಗೂಗಲ್ ತಮ್ಮ ತಮ್ಮ ಕಡೆಗೆ ಕರೆದುಕೊಳ್ಳುವ ಆ್ಯಪ್‌ಗಳನ್ನು ಕೊಟ್ಟಿವೆ. ಕರೆದುಕೊಳ್ಳುವ ಆ್ಯಪ್ ಬರೆಯುವುದರಲ್ಲಿ ಇಬ್ಬರಿಗೂ ಇರುವ ಉತ್ಸಾಹ ಕಳಿಸಿಕೊಡುವುದರಲ್ಲಿ ಇಲ್ಲ, ಅದು ಬೇರೆ ಮಾತು.

ತಕರಾರು ಇರುವುದು ಮುಂದಿನ ಹೆಜ್ಜೆಯಲ್ಲಿ. ಜೋಸೆಫ್ ಫ್ಯಾರೆಲ್ ಮತ್ತು ಕ್ಲೆಂಪರರ್ 2007ರ ತಮ್ಮ ದೀರ್ಘ ಸಮೀಕ್ಷೆಯಲ್ಲಿ ಒಂದು ಗೆರೆ ಎಳೆಯುತ್ತಾರೆ. ನನ್ನ ಇವತ್ತಿನ ಖರೀದಿ ನನ್ನದೇ ಹಿಂದಿನ ಖರೀದಿಯ ಜೊತೆ ಹೊಂದಬೇಕಾದಾಗ ಹುಟ್ಟುವುದು ಬದಲಾವಣೆಯ ಖರ್ಚು. ಅದು ಬೇರೆಯವರ ಖರೀದಿಯ ಜೊತೆ ಹೊಂದಬೇಕಾದಾಗ ಹುಟ್ಟುವುದು ಜಾಲ ಪರಿಣಾಮ. ಎರಡಕ್ಕೂ ಹೋಲಿಕೆಗಳಿವೆ ಎಂದು ಅವರೇ ಒಪ್ಪುತ್ತಾರೆ. ಆದರೂ ಎರಡರಲ್ಲಿಯೂ ನಷ್ಟದ ಲೆಕ್ಕ ಬರೆಯುವುದು ಹೊರಡುವವನ ಖಾತೆಯಲ್ಲೇ. ಹೋದವನು ದೊಡ್ಡ ಜಾಲದ ಪ್ರಯೋಜನ ಕಳೆದುಕೊಳ್ಳುತ್ತಾನೆ, ಉಳಿದವರಿಗೆ ಒಬ್ಬ ಸದಸ್ಯ ಕಡಿಮೆಯಾಗುತ್ತಾನೆ, ಅಷ್ಟೇ. ಅಮೆರಿಕದಲ್ಲಿ ಐಫೋನ್ ಬಿಟ್ಟವರ ಅನುಭವ ಈ ಚೌಕಟ್ಟಿನೊಳಗೆ ಕೂರುವುದಿಲ್ಲ. ಯಾಕೆಂದು ತೋರಿಸಲು ಐಮೆಸೇಜ್ ಕೆಲಸ ಮಾಡುವ ಬಗೆಯನ್ನು ಹತ್ತಿರದಿಂದ ನೋಡಬೇಕು.

2011ರ ಅಕ್ಟೋಬರ್ 12ರಂದು ಐಓಎಸ್ 5ರ ಜೊತೆ ಐಮೆಸೇಜ್ ಬಂತು. ಅದಕ್ಕೆ ಪ್ರತ್ಯೇಕ ಆ್ಯಪ್ ಇರಲಿಲ್ಲ, ಮಾಮೂಲಿ ಎಸ್‌ಎಂಎಸ್ ಕಳಿಸುವ ಜಾಗದಲ್ಲೇ ಅದನ್ನು ಸೇರಿಸಿದ್ದರು. ಕಳಿಸುವವರು ಒಂದು ನಂಬರ್ ಒತ್ತಿದ ಕೂಡಲೇ ಅವರ ಫೋನು ಆಪಲ್‌ನ ಸರ್ವರನ್ನು ಕೇಳುತ್ತದೆ: ಈ ನಂಬರ್ ನಿಮ್ಮಲ್ಲಿ ದಾಖಲಾಗಿದೆಯೇ? ಹೌದೆಂದರೆ ಸಂದೇಶ ಇಂಟರ್ನೆಟ್ ಮೂಲಕ ಹೋಗುತ್ತದೆ, ಗುಳ್ಳೆ ನೀಲಿ. ಇಲ್ಲವೆಂದರೆ ಎಸ್‌ಎಂಎಸ್, ಗುಳ್ಳೆ ಹಸಿರು. (ಹಸಿರು ಬಣ್ಣವನ್ನು ಆಂಡ್ರಾಯ್ಡ್‌ನವರನ್ನು ಹೀಗಳೆಯಲೆಂದೇ ತಂದರು ಎಂಬ ಮಾತು ಸರಿಯಲ್ಲ. 2007ರ ಮೊದಲ ಐಫೋನಿನಲ್ಲೇ ಎಸ್‌ಎಂಎಸ್ ಹಸಿರಾಗಿತ್ತು, ಆಮೇಲೆ ಬಂದದ್ದು ನೀಲಿ.) ಯಾರಾದರೂ ತಮ್ಮ ಸಿಮ್ಮನ್ನು ಐಫೋನಿನಿಂದ ತೆಗೆದು ಆಂಡ್ರಾಯ್ಡ್ ಫೋನಿಗೆ ಹಾಕಿಕೊಂಡರು ಎನ್ನಿ. ಸಿಮ್ ತೆಗೆಯುವ ಮೊದಲು ಐಮೆಸೇಜನ್ನು ಆರಿಸಲು ಮರೆತಿದ್ದರೆ ಅವರ ನಂಬರ್ ಆಪಲ್‌ನ ದಾಖಲೆಯಲ್ಲಿ ಹಾಗೇ ಉಳಿಯುತ್ತಿತ್ತು. ಐಫೋನ್ ಇಟ್ಟುಕೊಂಡ ಸ್ನೇಹಿತರು ಕಳಿಸಿದ ಸಂದೇಶಕ್ಕೆ ನೀಲಿ ಬಣ್ಣ ಬರುತ್ತಿತ್ತು, ಸಂದೇಶ ಮಾತ್ರ ತಲುಪುತ್ತಿರಲಿಲ್ಲ. ನಂಬರನ್ನು ದಾಖಲೆಯಿಂದ ತೆಗೆಸಲು ಆಪಲ್ ಒಂದು ಸಾಧನ ಒದಗಿಸಿದ್ದು 2014ರ ನವೆಂಬರ್‌ನಲ್ಲಿ, ಮೂರು ವರ್ಷ ಕಳೆದ ಮೇಲೆ.

ಈ ಪ್ರಕರಣ ನ್ಯಾಯಾಲಯಕ್ಕೂ ಹೋಯಿತು. ತೊಂದರೆಗೊಳಗಾದ ಎಲ್ಲರ ಪರವಾಗಿ ಒಂದೇ ದಾವೆ ನಡೆಸಲು ನ್ಯಾಯಾಧೀಶೆ ಲೂಸಿ ಕೋ 2015ರಲ್ಲಿ ಅನುಮತಿ ನಿರಾಕರಿಸಿದರು. ಯಾರಿಗೆ ನಿಜವಾಗಿ ಸಂದೇಶ ತಪ್ಪಿತು ಎಂಬುದನ್ನು ಒಬ್ಬೊಬ್ಬರ ಮಟ್ಟದಲ್ಲೇ ವಿಚಾರಿಸಬೇಕಾಗುತ್ತದೆ ಎಂಬುದು ಅದರ ಹಿಂದಿನ ತೊಡಕು. ಕಾನೂನಿನ ಈ ತೊಡಕು ನಮ್ಮ ಪ್ರಶ್ನೆಗೆ ಒಳ್ಳೆಯ ಸಾಕ್ಷ್ಯ ಒದಗಿಸುತ್ತದೆ. ಬಾರದೆ ಹೋದ ಸಂದೇಶದ ಬಗ್ಗೆ ಅದನ್ನು ಪಡೆಯಬೇಕಾದವನಿಗೆ ಏನೂ ಗೊತ್ತಿರುವುದಿಲ್ಲ. ಕಳಿಸಿದವಳಿಗೆ ಗೊತ್ತಾಗುವುದು ಉತ್ತರ ಬರಲಿಲ್ಲ ಎಂಬುದಷ್ಟೇ. 'ಫೋನ್ ಬದಲಿಸಿದ್ದರಿಂದ ನಿಮಗೆ ಎಷ್ಟು ತೊಂದರೆಯಾಯಿತು' ಎಂದು ಬದಲಿಸಿದವನನ್ನು ಕೇಳುವ ಸಮೀಕ್ಷೆ ಈ ನಷ್ಟವನ್ನು ಹಿಡಿಯಲಾರದು. ನಷ್ಟದ ಸುಳಿವು ಸಿಗುವುದು ಬದಲಿಸದವಳ ಫೋನಿನಲ್ಲಿ.

ನಂಬರ್ ಸರಿಯಾಗಿ ತೆಗೆಸಿಕೊಂಡವರ ವಿಷಯ? ಅಲ್ಲಿ ಗುಂಪು ಸಂದೇಶವನ್ನು ನೋಡಬೇಕು. ಎಲ್ಲರೂ ಐಫೋನಿನವರೇ ಆಗಿದ್ದ ಐಮೆಸೇಜ್ ಗುಂಪಿಗೆ ಆಂಡ್ರಾಯ್ಡ್‌ನವರನ್ನು ಸೇರಿಸಲು ಬರುತ್ತಿರಲಿಲ್ಲ. ಒಬ್ಬರು ಆಂಡ್ರಾಯ್ಡ್‌ಗೆ ಹೋದರೆ ಉಳಿದವರಿಗೆ ಎರಡೇ ದಾರಿ: ಅವರನ್ನು ಬಿಟ್ಟು ಹಳೆಯ ಗುಂಪನ್ನೇ ಮುಂದುವರಿಸುವುದು, ಇಲ್ಲವೇ ಎಲ್ಲರೂ ಎಂಎಂಎಸ್ ಗುಂಪೊಂದನ್ನು ಹೊಸದಾಗಿ ಶುರುಮಾಡುವುದು. ಎರಡನೆಯದನ್ನು ಆರಿಸಿದರೆ ಫೋನ್ ಬದಲಿಸದವರೂ ಕೆಳಗಿನ ದರ್ಜೆಗೆ ಇಳಿಯುತ್ತಿದ್ದರು. ಮಗುವಿನ ವಿಡಿಯೊ ಮಸುಕು ಚೌಕಗಳ ಗುಡ್ಡೆಯಾಗಿ ಬರುತ್ತಿತ್ತು, ಗುಂಪಿನಿಂದ ಹೊರಬರುವ ಗುಂಡಿ ಮಾಯವಾಗುತ್ತಿತ್ತು, ಯಾರು ಓದಿದರು ಎಂಬುದು ತಿಳಿಯುತ್ತಿರಲಿಲ್ಲ. ಒಬ್ಬ ಹೋದರೆ ಉಳಿದ ಐದು ಜನರ ಮಾತುಕತೆ ಕೆಡುತ್ತಿತ್ತು. ಫ್ಯಾರೆಲ್–ಕ್ಲೆಂಪರರ್ ಲೆಕ್ಕದಲ್ಲಿ ಇದು ಜಾಲದಿಂದ ಒಬ್ಬ ಸದಸ್ಯ ಕಡಿಮೆಯಾದಂತೆ. ವಾಸ್ತವದಲ್ಲಿ ಅದಕ್ಕಿಂತ ಕೆಟ್ಟದ್ದು: ಹೋದವನನ್ನು ಉಳಿಸಿಕೊಳ್ಳಬೇಕೆಂಬ ಪ್ರೀತಿಗೇ ದಂಡ ಬೀಳುತ್ತಿತ್ತು.

ಇದು ಕಂಪನಿಗೆ ಗೊತ್ತಿರಲಿಲ್ಲವೆನ್ನಲು ಆಗದು. ಎಪಿಕ್ ಮೊಕದ್ದಮೆಯಲ್ಲಿ ಬಹಿರಂಗವಾದ ಇಮೇಲುಗಳನ್ನು ಹಲವರು ಉದ್ಧರಿಸಿದ್ದಾರೆ. ಆದರೆ ಅವುಗಳಲ್ಲಿ ಯಾರ ಪ್ರಸ್ತಾಪವಿದೆ ಎಂಬುದರ ಕಡೆಗೆ ಸಾಕಷ್ಟು ಗಮನ ಹರಿದಿಲ್ಲ ಎಂದು ನನ್ನ ಅನಿಸಿಕೆ. ಐಮೆಸೇಜನ್ನು ಆಂಡ್ರಾಯ್ಡ್‌ಗೂ ಕೊಡಬೇಕೇ ಎಂಬ ಚರ್ಚೆ ನಡೆದ 2013ರಲ್ಲಿ ಆಪಲ್‌ನ ಹಿರಿಯ ಅಧಿಕಾರಿ ಕ್ರೇಗ್ ಫೆಡೆರಿಗಿ ಆತಂಕ ವ್ಯಕ್ತಪಡಿಸಿದ್ದು ಕುಟುಂಬಗಳ ಬಗ್ಗೆ. ಹಾಗೆ ಕೊಟ್ಟರೆ ಐಫೋನ್ ಇರುವ ಮನೆಯವರು ತಮ್ಮ ಮಕ್ಕಳಿಗೆ ಆಂಡ್ರಾಯ್ಡ್ ಫೋನ್ ಕೊಡಿಸಲು ಇರುವ ಒಂದು ಅಡ್ಡಿ ಹೋಗಿಬಿಡುತ್ತದೆ ಎಂಬುದು ಅವರ ಮಾತಿನ ಸಾರ. ಆಪಲ್ ಜಗತ್ತು ಬಿಡಲು ಅತಿ ಕಷ್ಟವಾಗುವುದು ಐಮೆಸೇಜಿನಿಂದ ಎಂದು ಮಾಜಿ ಉದ್ಯೋಗಿಯೊಬ್ಬರು 2016ರಲ್ಲಿ ಬರೆದಾಗ, ಅದನ್ನು ಆಂಡ್ರಾಯ್ಡ್‌ಗೆ ಒಯ್ದರೆ ನಮಗೆ ಲಾಭಕ್ಕಿಂತ ನಷ್ಟವೇ ಹೆಚ್ಚು ಎಂದು ಇನ್ನೊಬ್ಬ ಹಿರಿಯ ಅಧಿಕಾರಿ ಫಿಲ್ ಶಿಲ್ಲರ್ ಅಭಿಪ್ರಾಯಪಟ್ಟರು. ತನ್ನ ತಾಯಿಗೆ ವಿಡಿಯೊ ಸರಿಯಾಗಿ ಕಳಿಸಲಾಗುತ್ತಿಲ್ಲ ಎಂದು 2022ರಲ್ಲಿ ಸಭೆಯೊಂದರಲ್ಲಿ ಒಬ್ಬರು ಹೇಳಿದಾಗ ಟಿಮ್ ಕುಕ್ ಕೊಟ್ಟ ಉತ್ತರ ಪ್ರಸಿದ್ಧವಾಗಿದೆ: ತಾಯಿಗೆ ಐಫೋನ್ ಕೊಡಿಸಿ. ದೂರು ಮಗನದ್ದು, ಪರಿಹಾರ ತಾಯಿಯ ಫೋನಿನಲ್ಲಿ. ಅರ್ಥಶಾಸ್ತ್ರಜ್ಞರು ಒಬ್ಬೊಬ್ಬರನ್ನೇ ಎಣಿಸುತ್ತಿದ್ದಾಗ ಮಾರುವವರು ಮನೆಗಳನ್ನು ಎಣಿಸುತ್ತಿದ್ದರು.

ಆದ್ದರಿಂದ ನನ್ನ ಪ್ರತಿಪಾದನೆ ಇದು: 2011ರಿಂದ 2024ರವರೆಗಿನ ಅಮೆರಿಕದಲ್ಲಿ ಐಫೋನ್ ಬಿಡುವ ಖರ್ಚಿನ ಗಣನೀಯ ಪಾಲು ಬಿಟ್ಟವರಿಗಿಂತ ಉಳಿದವರ ಮೇಲೆ ಬೀಳುತ್ತಿತ್ತು, ಮತ್ತು ಆ ಖರ್ಚನ್ನು ಉಳಿದವರು ಒತ್ತಾಯ, ಗೇಲಿ, ಹೊರಗಿಡುವಿಕೆಗಳ ರೂಪದಲ್ಲಿ ಬಿಡಲು ಹೊರಟವರಿಂದ ವಸೂಲು ಮಾಡುತ್ತಿದ್ದರು. 'ಗಣನೀಯ' ಎಂದೆನೇ ಹೊರತು 'ಬಹುಪಾಲು' ಎನ್ನಲಿಲ್ಲ. ಗಡಿಯಾರ, ಕಂಪ್ಯೂಟರ್, ಫೋಟೊ ಸಂಗ್ರಹ ಇವು ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಕಟ್ಟುತ್ತವೆ. ಆಪಲ್‌ನ ಗಡಿಯಾರವಂತೂ ಐಫೋನಿಲ್ಲದೆ ನಡೆಯುವುದೇ ಇಲ್ಲ. ಒಂಟಿಯಾಗಿ ಬದುಕುವವರಿಗೆ, ಮಿಶ್ರ ಗುಂಪುಗಳಲ್ಲೇ ಮೊದಲಿನಿಂದ ಇದ್ದವರಿಗೆ ಈ ಮಾತು ಅಷ್ಟಾಗಿ ಸಲ್ಲದು. ಹದಿಹರೆಯದವರ ನಡುವಿನ ಗೇಲಿಯಲ್ಲಿ ಮಸುಕು ವಿಡಿಯೊದ ಸಿಟ್ಟೆಷ್ಟು, ದುಬಾರಿ ವಸ್ತುವಿನ ಜಂಬವೆಷ್ಟು ಎಂದು ಬೇರ್ಪಡಿಸುವುದೂ ಸುಲಭವಲ್ಲ. ಇಷ್ಟನ್ನು ಬಿಟ್ಟುಕೊಟ್ಟ ಮೇಲೂ ಒಂದು ಮಾತು ನಿಲ್ಲುತ್ತದೆ: ತೃಪ್ತಿಯೋ ಕಟ್ಟೋ ಎಂದು ಒಬ್ಬೊಬ್ಬರನ್ನೇ ಕೇಳಿದರೆ ಇಲ್ಲಿನ ಖರ್ಚಿನ ಒಂದು ಭಾಗ ತೃಪ್ತಿಯ ಲೆಕ್ಕಕ್ಕೆ ಸೇರಿಬಿಡುತ್ತದೆ. ತಂಗಿಯ ಗುಂಪು ಕೆಡದಿರಲಿ ಎಂದು ಐಫೋನಿನಲ್ಲೇ ಉಳಿದವನು ಸಮೀಕ್ಷೆಯಲ್ಲಿ ತೃಪ್ತನೆಂದೇ ದಾಖಲಾಗುತ್ತಾನೆ.

ಹೋಲಿಕೆಗೆ ಭಾರತ ಒದಗಿಬರುತ್ತದೆ. ಐಮೆಸೇಜ್ ಬರುವುದಕ್ಕೆ ಹದಿನೈದು ದಿನ ಮುಂಚೆ, 2011ರ ಸೆಪ್ಟೆಂಬರ್ 27ರಂದು, ಒಂದು ಸಿಮ್ಮಿನಿಂದ ದಿನಕ್ಕೆ ನೂರಕ್ಕಿಂತ ಹೆಚ್ಚು ಎಸ್‌ಎಂಎಸ್ ಕೂಡದೆಂಬ ಟ್ರಾಯ್ ನಿಯಮ ಜಾರಿಗೆ ಬಂತು. ಜಾಹೀರಾತಿನ ಹಾವಳಿ ತಡೆಯಲು ತಂದದ್ದು ಅದು. ನವೆಂಬರ್‌ನಲ್ಲಿ ಮಿತಿಯನ್ನು ಇನ್ನೂರಕ್ಕೆ ಏರಿಸಿದರು, ಮರುವರ್ಷ ದೆಹಲಿ ಹೈಕೋರ್ಟು ಅದನ್ನು ರದ್ದುಪಡಿಸಿತು. ಅದಕ್ಕೂ ಮೊದಲಿನಿಂದ ದೀಪಾವಳಿ, ಹೊಸ ವರ್ಷದಂಥ ದಿನಗಳಂದು ಎಸ್‌ಎಂಎಸ್ ಪ್ಯಾಕ್ ನಡೆಯದೆ ಒಂದೊಂದು ಶುಭಾಶಯಕ್ಕೂ ಕಾಸು ಕತ್ತರಿಸಿಕೊಳ್ಳುತ್ತಿದ್ದ 'ಬ್ಲ್ಯಾಕ್‌ಔಟ್ ಡೇ'ಗಳ ನೆನಪು ಆ ಕಾಲದವರಿಗೆ ಇದ್ದೇ ಇದೆ. ಅಮೆರಿಕದಲ್ಲಿ ಎಸ್‌ಎಂಎಸ್ ಮಾಸಿಕ ಬಿಲ್ಲಿನೊಳಗೇ ಸೇರಿಹೋಗಿದ್ದರಿಂದ ಜನ ಆ ಜಾಗ ಬಿಡಲಿಲ್ಲ. ಇಲ್ಲಿ ಮಾತು ವಾಟ್ಸ್‌ಆ್ಯಪ್‌ಗೆ ಸರಿಯಿತು. ಅದು ನೋಕಿಯಾ, ಬ್ಲ್ಯಾಕ್‌ಬೆರಿ, ಆಂಡ್ರಾಯ್ಡ್, ಐಫೋನ್ ಎಲ್ಲದರಲ್ಲೂ ಓಡುತ್ತಿತ್ತು. ಮೈಸೂರಿನ ಮನೆಯೊಂದರ ಗುಂಪಿನಲ್ಲಿ ದೊಡ್ಡಪ್ಪ ಫೋನ್ ಬದಲಿಸಿದರೆ ಉಳಿದವರಿಗೆ ಅದು ತಿಳಿಯುವುದೂ ಇಲ್ಲ. ಗುಂಪು ನಿಂತಿರುವುದು ನಂಬರಿನ ಮೇಲೆ. ನ್ಯೂಜೆರ್ಸಿಯಲ್ಲಿರುವ ಅವರ ಮಗಳು ಮಾತ್ರ ಊರಿನವರ ಜೊತೆ ಒಂದು ವ್ಯವಸ್ಥೆಯಲ್ಲೂ ಅಲ್ಲಿನ ನೆರೆಹೊರೆಯವರ ಜೊತೆ ಇನ್ನೊಂದರಲ್ಲೂ ಇರುತ್ತಾಳೆ. ಎರಡು ಬಗೆಯ ಖರ್ಚನ್ನೂ ಒಬ್ಬರಲ್ಲೇ ನೋಡಬೇಕೆನ್ನುವವರು ಇಂಥವರನ್ನು ಮಾತಾಡಿಸಬೇಕು.

ಉಳಿದವರ ಮೇಲಿನ ಖರ್ಚು ಇಲ್ಲದೆಡೆ ಹೊರಡುವವರ ಖರ್ಚು ನಿಚ್ಚಳವಾಗಿ ಕಾಣುತ್ತದೆ. ವಾಟ್ಸ್‌ಆ್ಯಪ್ ಗುಂಪು ಎರಡೂ ಬಗೆಯ ಫೋನಿಗೆ ಬರುತ್ತಿತ್ತು, ಹಳೆಯ ಮಾತುಕತೆ ಬರುತ್ತಿರಲಿಲ್ಲ. ಆಂಡ್ರಾಯ್ಡ್‌ನ ಬ್ಯಾಕಪ್ ಗೂಗಲ್ ಡ್ರೈವ್‌ಗೆ, ಐಫೋನಿನದು ಐಕ್ಲೌಡ್‌ಗೆ, ಒಂದರದ್ದನ್ನು ಇನ್ನೊಂದು ಓದದು. ಚಾಟನ್ನು ಇಮೇಲ್ ಮಾಡಿಕೊಂಡರೆ ಸಿಗುತ್ತಿದ್ದುದು ಒಂದು ಪಠ್ಯದ ಕಡತ, ಅದನ್ನು ವಾಪಸು ಒಳಗೆ ಹಾಕುವ ದಾರಿಯಿಲ್ಲ. ಐಫೋನಿನಿಂದ ಆಂಡ್ರಾಯ್ಡ್‌ಗೆ ಸಾಗಿಸುವ ಅಧಿಕೃತ ದಾರಿ 2021ರಲ್ಲಿ ಮೊದಲು ಸ್ಯಾಮ್‌ಸಂಗ್ ಫೋನುಗಳಿಗೆ ಸಿಕ್ಕಿತು. ವಿರುದ್ಧ ದಿಕ್ಕಿನದು 2022ರ ಜೂನ್‌ನಲ್ಲಿ ಬಂತು. ಅದಕ್ಕೂ ಎರಡು ಫೋನೂ ಚಾರ್ಜರಿಗೆ ಹಾಕಿರಬೇಕು, ಐಫೋನ್ ಹೊಚ್ಚಹೊಸದಾಗಿರಬೇಕು ಅಥವಾ ಅದರಲ್ಲಿರುವುದನ್ನೆಲ್ಲ ಅಳಿಸಿರಬೇಕು ಎಂಬ ಷರತ್ತುಗಳಿದ್ದವು. ಯುಪಿಐ ಆ್ಯಪ್‌ಗಳನ್ನೂ ಹೊಸ ಫೋನಿಗೆ ಮತ್ತೆ ಕಟ್ಟಬೇಕು. ಬ್ಯಾಂಕಿಗೆ ಹೋಗಬೇಕಾದ ಎಸ್‌ಎಂಎಸ್ಸನ್ನು ಆಂಡ್ರಾಯ್ಡ್‌ನಲ್ಲಿ ಅನುಮತಿ ಪಡೆದ ಆ್ಯಪ್ ತಾನೇ ಕಳಿಸುತ್ತದೆ, ಐಫೋನಿನಲ್ಲಿ ನಾವೇ ಗುಂಡಿ ಒತ್ತಬೇಕು. ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇನ್ನೊಂದು ಸೇರುತ್ತದೆ. ಹೊರಗಿನವರ ಕೀಲಿಮಣೆಗಳಿಗೆ ಐಫೋನ್ ಅವಕಾಶ ಕೊಟ್ಟದ್ದು 2014ರಲ್ಲಿ, ತನ್ನದೇ ಕನ್ನಡ ಕೀಲಿಮಣೆ ಕೊಟ್ಟದ್ದು 2017ರ ಐಓಎಸ್ 11ರಲ್ಲಿ, ಅಕ್ಷರಮಾಲೆಯ ಕ್ರಮದ ವಿನ್ಯಾಸ ಸೇರಿಸಿದ್ದು 2024ರಲ್ಲಿ. ಇವೆಲ್ಲ ಕ್ಲೆಂಪರರ್ ಹೇಳಿದ ಅಚ್ಚ ಬದಲಾವಣೆಯ ಖರ್ಚುಗಳು. ಅವರ ಮಾದರಿ ಅಮೆರಿಕಕ್ಕಿಂತ ಭಾರತಕ್ಕೆ ಚೆನ್ನಾಗಿ ಹೊಂದುತ್ತದೆ.

ಈ ಹೋಲಿಕೆಗೆ ಎದುರಾಗುವ ದೊಡ್ಡ ಆಕ್ಷೇಪ ಬೆಲೆಯದು. ಭಾರತದಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಫೋನುಗಳು ಆಂಡ್ರಾಯ್ಡ್. ಐಫೋನಿನ ಬೆಲೆಯೇ ಅಡ್ಡ ನಿಂತಿರುವಾಗ ಚಾಟಿನ ಸಾಗಣೆಯ ಮಾತು ಯಾಕೆ ಎಂದು ಕೇಳಬಹುದು. ಆಕ್ಷೇಪ ನ್ಯಾಯವಾದದ್ದು. ಎಷ್ಟು ಜನ ಬದಲಿಸುತ್ತಾರೆ ಎಂಬ ಪ್ರಶ್ನೆಗೆ ಇಲ್ಲಿ ಬೆಲೆಯೇ ಮುಖ್ಯ ಉತ್ತರ. ನನ್ನ ಪ್ರಶ್ನೆ ಬದಲಿಸಿದಾಗ ಖರ್ಚು ಯಾರ ಮೇಲೆ ಬೀಳುತ್ತದೆ ಎಂಬುದು, ಅದಕ್ಕೆ ಬೆಲೆಯಲ್ಲಿ ಉತ್ತರವಿಲ್ಲ. ಎಸ್‌ಎಂಎಸ್ ದರದಿಂದಲೇ ವಾಟ್ಸ್‌ಆ್ಯಪ್ ಗೆದ್ದಿತೆಂದು ನಾನು ಹೇಳುತ್ತಿಲ್ಲ ಎಂಬುದನ್ನೂ ಇಲ್ಲೇ ಸ್ಪಷ್ಟಪಡಿಸುತ್ತೇನೆ. ದರ ಒಂದು ಕಾರಣ, ಅಗ್ಗದ ಫೋನಿನಲ್ಲೂ ಅದು ಓಡಿದ್ದು ಇನ್ನೊಂದು.

ಅಮೆರಿಕದ ನ್ಯಾಯಾಂಗ ಇಲಾಖೆ 2024ರ ಮಾರ್ಚ್‌ನಲ್ಲಿ ಆಪಲ್ ಮೇಲೆ ಹೂಡಿದ ದಾವೆಯಲ್ಲಿ ಸಂದೇಶಗಳ ವಿಷಯವೂ ಸೇರಿದೆ. ಆ ವರ್ಷ ಸೆಪ್ಟೆಂಬರ್‌ನಲ್ಲಿ ಐಓಎಸ್ 18 ಬಂದ ಮೇಲೆ ಎರಡೂ ಬಗೆಯ ಫೋನುಗಳ ನಡುವಿನ ಸಂದೇಶಗಳಲ್ಲಿ ಎಂಎಂಎಸ್ ಜಾಗಕ್ಕೆ ಆರ್‌ಸಿಎಸ್ ಎಂಬ ಹೊಸ ವ್ಯವಸ್ಥೆ ಬಂತು. ವಿಡಿಯೊ ಸ್ಪಷ್ಟವಾಯಿತು, ಗುಳ್ಳೆ ಹಸಿರಾಗಿಯೇ ಉಳಿಯಿತು. ಮೇಲಿನ ವಾದಕ್ಕೆ ಇದೊಂದು ಪರೀಕ್ಷೆ. ಇನ್ನು ಮುಂದೆ ಬಿಡಲು ಹೊರಟವರ ಮೇಲಿನ ಒತ್ತಡ ಇಳಿದರೆ ಉಳಿದವರು ನಿಜವಾಗಿ ತೆರುತ್ತಿದ್ದ ಖರ್ಚೇ ಅದರ ಮೂಲವಾಗಿತ್ತು ಎನ್ನಬಹುದು. ಇಳಿಯದಿದ್ದರೆ ಜಂಬದ ಪಾಲನ್ನು ನಾನು ಕಡಿಮೆ ಅಂದಾಜು ಮಾಡಿದ್ದೇನೆ ಎಂದಾಗುತ್ತದೆ. ಇದನ್ನು ತೀರ್ಮಾನಿಸಲು ಒಬ್ಬೊಬ್ಬರ ಸಮೀಕ್ಷೆ ಸಾಲದು, ಒಂದೇ ಮನೆಯ ಎಲ್ಲರ ಫೋನುಗಳನ್ನು ಕೆಲವು ವರ್ಷ ಹಿಂಬಾಲಿಸುವ ಅಧ್ಯಯನ ಬೇಕು. ಭಾರತದ ಮಟ್ಟಿಗೆ ಬಾಕಿ ಉಳಿಯುವ ಪ್ರಶ್ನೆ ಬೇರೆ. 2021ರ ಜನವರಿಯಲ್ಲಿ ವಾಟ್ಸ್‌ಆ್ಯಪ್ ತನ್ನ ಖಾಸಗಿತನದ ನೀತಿ ಬದಲಿಸಹೊರಟಾಗ ಅನೇಕರು ಸಿಗ್ನಲ್, ಟೆಲಿಗ್ರಾಂಗಳನ್ನು ಹಾಕಿಕೊಂಡರು. ವಾಟ್ಸ್‌ಆ್ಯಪನ್ನು ತೆಗೆದುಹಾಕಿದವರು ವಿರಳ, ಮನೆಯ ಗುಂಪು, ಶಾಲೆಯ ಗುಂಪು, ಅಪಾರ್ಟ್‌ಮೆಂಟಿನ ಗುಂಪುಗಳೆಲ್ಲ ಅಲ್ಲೇ ಇದ್ದವು. ಉಳಿದವರ ಖರ್ಚು ಇಲ್ಲಿ ಇಲ್ಲವಾಗಿದೆಯೋ, ಫೋನಿನಿಂದ ಆ್ಯಪಿಗೆ ಒಂದು ಅಂತಸ್ತು ಮೇಲೆ ಹೋಗಿ ಕೂತಿದೆಯೋ ಎಂಬುದನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕಾಗಿದೆ.