ವಳಿವಡೆಯಿಂದ ಗೋಕಾಕಕ್ಕೆ: ನೆಲೆ ತಪ್ಪಿದವರ ಮನಸ್ಸು

ಹುಕ್ಕೇರಿ, ಸಂಕೇಶ್ವರ ಕಡೆಯ ಮನೆಗಳಲ್ಲಿ ಮದುವೆ ಗೊತ್ತಾದರೆ ಜವಳಿ ತರಲು ಕೊಲ್ಹಾಪುರದ ಪಕ್ಕದ ಗಾಂಧಿನಗರಕ್ಕೆ ಹೋಗಿ ಬರುವವರು ಈಗಲೂ ಇದ್ದಾರೆ. ಸಾಲು ಸಾಲು ಸಗಟು ಅಂಗಡಿಗಳ ಆ ಪೇಟೆಯನ್ನು ಕಟ್ಟಿದವರು ದೇಶ ಇಬ್ಭಾಗವಾದಾಗ ಸಿಂಧ್ ಬಿಟ್ಟು ಬಂದ ನಿರಾಶ್ರಿತರು. ಇಷ್ಟು ಬಹಳ ಮಂದಿಗೆ ಗೊತ್ತು. ಆದರೆ ಸಿಂಧಿಗಳು ಬಂದಿಳಿದ ಬ್ಯಾರಕ್ಕುಗಳು ಅದಕ್ಕೂ ಮೊದಲು ಇನ್ನೊಂದು ನಿರಾಶ್ರಿತ ಜನರ ಮನೆಗಳಾಗಿದ್ದವು ಎಂಬುದು ಅಷ್ಟಾಗಿ ತಿಳಿದಿಲ್ಲ. ಆ ಜಾಗದ ಹಳೆಯ ಹೆಸರು ವಳಿವಡೆ. 1943ರಿಂದ 1948ರವರೆಗೆ ಅಲ್ಲಿದ್ದವರು ಪೋಲೆಂಡಿನವರು, ಸುಮಾರು 5 ಸಾವಿರ ಮಂದಿ.

1939ರ ಸೆಪ್ಟೆಂಬರಿನಲ್ಲಿ ಪೋಲೆಂಡನ್ನು ಪಶ್ಚಿಮದಿಂದ ಹಿಟ್ಲರನೂ ಪೂರ್ವದಿಂದ ಸ್ಟಾಲಿನನೂ ಹಂಚಿಕೊಂಡರು. 1940ರ ಫೆಬ್ರುವರಿಯ ಕೊರೆಯುವ ಚಳಿಯಲ್ಲಿ ಪೂರ್ವ ಭಾಗದ ಕುಟುಂಬಗಳನ್ನು ಗೂಡ್ಸ್ ಗಾಡಿಗಳಲ್ಲಿ ತುಂಬಿ ಸೈಬೀರಿಯಕ್ಕೆ ಸಾಗಿಸುವ ಕೆಲಸ ಮೊದಲಾಯಿತು. ಹಸಿವು, ಟೈಫಸ್ ಜ್ವರ, ಕಾಡಿನಲ್ಲಿ ಮರ ಕಡಿಯುವ ಬಿಟ್ಟಿ ದುಡಿಮೆ. 1941ರಲ್ಲಿ ಹಿಟ್ಲರ್ ರಷ್ಯದ ಮೇಲೆಯೇ ಬಿದ್ದಾಗ ಈ ಜನಕ್ಕೆ ಬಿಡುಗಡೆ ಸಿಕ್ಕಿತು. ಗಂಡಸರು ಹೊಸದಾಗಿ ಕಟ್ಟಿದ ಪೋಲಿಷ್ ಸೈನ್ಯ ಸೇರಿದರು. ಹೆಂಗಸರು, ಮಕ್ಕಳು ಕ್ಯಾಸ್ಪಿಯನ್ ಸಮುದ್ರ ದಾಟಿ ಇರಾನಿಗೆ ಬಂದರು. ಅಲ್ಲಿಂದ ಮುಂದೆ ಎಲ್ಲಿಗೆ ಎಂಬ ಪ್ರಶ್ನೆಗೆ ನವಾನಗರದ ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿ 1942ರಲ್ಲಿ ಬಾಲಾಚಡಿಯಲ್ಲಿ ಮಕ್ಕಳಿಗೆ ನೆಲೆ ಕೊಟ್ಟು ಉತ್ತರಿಸಿದರು. ದೊಡ್ಡ ಶಿಬಿರ ಎದ್ದದ್ದು ಮಾತ್ರ ಕೊಲ್ಹಾಪುರ ಸಂಸ್ಥಾನದ ವಳಿವಡೆಯಲ್ಲಿ.

ಆಘಾತಕ್ಕೊಳಗಾದ ಮನಸ್ಸಿಗೆ ಆಪ್ತಸಲಹೆ ಕೊಡಬೇಕೆಂಬ ಮಾತು ಆಗ ಬಳಕೆಯಲ್ಲಿರಲಿಲ್ಲ. ಮೊದಲ ಮಹಾಯುದ್ಧದ ಸೈನಿಕರಲ್ಲಿ ಕಂಡ ‘ಶೆಲ್ ಶಾಕ್’ ವೈದ್ಯರಿಗೆ ಗೊತ್ತಿತ್ತು. ಆಘಾತದ ನಂತರದ ಮನೋವ್ಯಾಧಿ ಎಂಬುದೊಂದು ಅಮೆರಿಕದ ಮನೋವೈದ್ಯರ ಅಧಿಕೃತ ಪಟ್ಟಿಗೆ ಸೇರಿದ್ದು 1980ರಲ್ಲಿ. ಹಾಗಿದ್ದೂ ವಳಿವಡೆಯಲ್ಲಿ ನಡೆದದ್ದನ್ನು ಇಂದು ನೋಡಿದರೆ ಅದು ಚಿಕಿತ್ಸೆಯೇ ಎನಿಸುತ್ತದೆ. ಬ್ಯಾರಕ್ಕಿನಲ್ಲಿ ಕುಟುಂಬಕ್ಕೊಂದು ಬೇರೆ ವಾಸದ ಜಾಗ, ಬೇರೆ ಒಲೆ. ಸಣ್ಣ ಮಕ್ಕಳಿಂದ ಹಿಡಿದು ಪ್ರೌಢ ತರಗತಿಯವರೆಗೆ ಅವರದೇ ಭಾಷೆಯ ಶಾಲೆಗಳು. ಚರ್ಚು, ನಾಟಕದ ತಂಡ, ಸ್ಕೌಟ್ ದಳ. ಕ್ಷಯ ತಗುಲಿದವರಿಗೆ ಪಂಚಗಣಿಯ ಹವೆ. ತಂದೆ ತಾಯಿ ಇಲ್ಲದ ಮಕ್ಕಳಿಗೆ ಅನಾಥಾಲಯ. 1946ರಲ್ಲಿ ಬಾಲಾಚಡಿಯ ಶಿಬಿರ ಮುಚ್ಚಿದಾಗ ಅಲ್ಲಿಯ ಮಕ್ಕಳೂ ಇಲ್ಲಿಗೇ ಬಂದರು.

ಬೇರೆ ಒಲೆ ಎಂದದ್ದನ್ನು ಓದುಗರು ಸಣ್ಣ ಸಂಗತಿ ಎಂದುಕೊಳ್ಳಬಾರದು. ಎರಡು ವರ್ಷ ಇತರರು ಎಸೆದ ರೊಟ್ಟಿಯ ಚೂರಿಗೆ ಸಾಲು ನಿಂತ ತಾಯಿ ತನ್ನ ಕೈಯಾರೆ ಮಕ್ಕಳಿಗೆ ಸಾರು ಕುದಿಸಿ ಬಡಿಸುವುದೆಂದರೆ ಕಳೆದುಹೋದ ಯಜಮಾನಿಕೆ ತಿರುಗಿ ಕೈಗೆ ಬಂದಂತೆ. ಆ ಮಕ್ಕಳಲ್ಲಿ ಅನೇಕರು ಮುಂದೆ ಇಂಗ್ಲೆಂಡ್, ಆಸ್ಟ್ರೇಲಿಯ, ಕೆನಡಾಗಳಲ್ಲಿ ಬಾಳಿದರು. ಗಾಯವೆಲ್ಲ ಮಾಯಿತೆಂದಲ್ಲ, ಬಾಲ್ಯ ಎಂದೊಡನೆ ಸೈಬೀರಿಯದ ಜೊತೆಗೆ ಕೊಲ್ಹಾಪುರವನ್ನೂ ನೆನೆಯಲು ಅವರಿಗೆ ಸಾಧ್ಯವಾಯಿತು. ಕೊಲ್ಹಾಪುರದ ಮಹಾವೀರ ಉದ್ಯಾನದಲ್ಲಿ ಇದರ ಸ್ಮಾರಕವಿದೆ. ಇಲ್ಲಿಯೇ ಮಣ್ಣಾದವರ ಗೋರಿಗಳೂ ಇವೆ.

ಈ ಶಿಬಿರದ ತರುಣ ತರುಣಿಯರಿಗೆ ಭಾರತದ ಪರಿಚಯ ಮಾಡಿಕೊಟ್ಟವರಲ್ಲಿ ವಾಂಡಾ ಡಿನೋವ್‌ಸ್ಕಾ ಒಬ್ಬರು. ಗಾಂಧೀಜಿಗೂ ರಮಣ ಮಹರ್ಷಿಗಳಿಗೂ ಹತ್ತಿರದವರಾಗಿದ್ದ ಈ ಪೋಲಿಷ್ ಮಹಿಳೆ ಉಮಾದೇವಿ ಎಂಬ ಹೆಸರಿನಿಂದ ಪ್ರಸಿದ್ಧರು. ತನ್ನ ದೇಶದ ನಿರಾಶ್ರಿತರು ಚದುರಿದ ಮೇಲೆ, 1960ರ ನಂತರ, ಅವರು ಟಿಬೆಟಿನ ನಿರಾಶ್ರಿತರ ಸೇವೆಗೆ ನಿಂತರು. ತೀರಿಕೊಂಡದ್ದು 1971ರಲ್ಲಿ, ಮೈಸೂರಿನಲ್ಲಿ. ಆ ಹೊತ್ತಿಗೆ ನಮ್ಮ ರಾಜ್ಯದ ಬೈಲಕುಪ್ಪೆಯಲ್ಲೂ ಮುಂಡಗೋಡದಲ್ಲೂ ಟಿಬೆಟಿನವರ ಊರುಗಳು ಬೇರು ಬಿಟ್ಟಿದ್ದವು. ಅಲ್ಲಿಯೂ ಕಾಡು ಕಡಿದು ಜೋಳ ಬಿತ್ತಿದ್ದರ ಜೊತೆಗೆ ಮಠ, ಶಾಲೆ, ಸಹಕಾರ ಸಂಘಗಳು ಎದ್ದವು. ಟಿಬೆಟಿನ ವೈದ್ಯಪದ್ಧತಿಯಲ್ಲಿ ತಡೆಯಲಾರದ ದುಃಖದಿಂದ ದೇಹದ ‘ವಾಯು’ ಕೆಟ್ಟು ಎದೆ ಬಡಿತ, ನಿದ್ರಾಹೀನತೆ, ತಳಮಳ ಉಂಟಾಗುತ್ತದೆಂದು ಹೇಳುತ್ತಾರೆ. ನಮ್ಮ ಆಯುರ್ವೇದದ ವಾತದ ಕಲ್ಪನೆಗೆ ಇದು ದೂರದ್ದೇನಲ್ಲ.

ಇಷ್ಟು ಹೇಳಿದ್ದು ಘಟಪ್ರಭೆಯ ದಂಡೆಗೆ ಬರುವುದಕ್ಕಾಗಿ. ಹೊರದೇಶದಿಂದ ಓಡಿಬಂದವರನ್ನೂ ಹೊಳೆ ನುಗ್ಗಿ ಮನೆ ಕಳೆದುಕೊಂಡವರನ್ನೂ ಕನ್ನಡ ನಿರಾಶ್ರಿತರು ಎಂದೇ ಕರೆಯುತ್ತದೆ. ಕಾನೂನಿನ ಕಣ್ಣಿನಲ್ಲಿ ಇಬ್ಬರೂ ಒಂದೇ ಅಲ್ಲ. ರಾತ್ರಿ ನಿದ್ದೆ ಬಾರದವರ ಪಾಲಿಗೆ ಆ ವ್ಯತ್ಯಾಸ ದೊಡ್ಡದೇನಲ್ಲ. ಪತ್ರಿಕೆಗಳು ನಿತ್ಯ ಬಳಸುವ ‘ನೆರೆ ಸಂತ್ರಸ್ತರು’ ಎಂಬ ಮಾತನ್ನು ನೋಡಿ. ಸಂತ್ರಸ್ತ ಎಂದರೆ ಸಂಸ್ಕೃತದಲ್ಲಿ ಹೆದರಿ ನಡುಗಿದವನು. ಶಬ್ದ ಹೇಳುವುದು ಭಯವನ್ನು. ನಾವು ಲೆಕ್ಕ ಹಾಕುವುದು ಬಿದ್ದ ಗೋಡೆಗಳನ್ನು.

2019ರ ಆಗಸ್ಟಿನಲ್ಲಿ ಹಿರಣ್ಯಕೇಶಿ, ಮಾರ್ಕಂಡೇಯ, ಘಟಪ್ರಭೆ ಒಟ್ಟಿಗೇ ಉಕ್ಕಿದಾಗ ಸಂಕೇಶ್ವರಕ್ಕೆ ನೀರು ನುಗ್ಗಿತು, ಗೋಕಾಕದ ತಗ್ಗಿನ ಓಣಿಗಳು ಮುಳುಗಿದವು, ಮೂಡಲಗಿ ತಾಲ್ಲೂಕಿನ ಹೊಳೆದಂಡೆಯ ಹಳ್ಳಿಗಳು ಖಾಲಿಯಾದವು. ಸರ್ಕಾರ ತಕ್ಷಣಕ್ಕೆ 10 ಸಾವಿರ ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಿಸಿತು. ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಲಾಯಿತು. ನಿಂತ ಮನೆಯೊಳಗೆ ಕುಸಿದು ಕೂತವರಿಗೆ ಅಂಥ ವರ್ಗವೊಂದು ಇರಲಿಲ್ಲ. 2021ರ ಜುಲೈನಲ್ಲಿ ಹೊಳೆ ಮತ್ತೆ ಏರಿತು. ಒಮ್ಮೆ ಮುಳುಗಿದ ಊರಿನಲ್ಲಿ ಮುಂದಿನ ಮಳೆಗಾಲವೆಂದರೆ ಬರಿಯ ಮಳೆಗಾಲವಲ್ಲ. ಹೊಳೆಯ ಸಪ್ಪಳ ಏರಿದರೆ ಸಾಕು, ಹಾಸಿಗೆ ಸುತ್ತಿಟ್ಟು ಕೂರುವವರಿರುತ್ತಾರೆ. ಇಂಥವರು ವೈದ್ಯರ ಮುಂದೆ ಮನಸ್ಸಿನ ಮಾತೆತ್ತುವುದಿಲ್ಲ. ‘ಎದಿ ಧಸಕ್ ಅಂತೈತ್ರಿ, ನಿದ್ದಿ ಹತ್ತಂಗಿಲ್ರಿ’ ಎನ್ನುತ್ತಾರೆ. ವೈದ್ಯರು ಶಕ್ತಿಯ ಗುಳಿಗೆ ಬರೆದುಕೊಟ್ಟರೆ ಮಾತು ಅಲ್ಲಿಗೇ ನಿಂತಿತು.

ಇದನ್ನು ಗುರುತಿಸುವ ವಿದ್ಯೆ ನಮ್ಮ ರಾಜ್ಯದಲ್ಲೇ ಬೆಳೆದಿದೆ. 1981ರ ಫೆಬ್ರುವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ, ಬಹುಪಾಲು ಮಕ್ಕಳು, ಸತ್ತರು. ಅವರ ಮನೆಯವರ ಶೋಕವನ್ನು ನಿಮ್ಹಾನ್ಸ್ ತಜ್ಞರು ಅಧ್ಯಯನ ಮಾಡಿದರು. 1984ರ ಭೋಪಾಲ ದುರಂತದ ಬಳಿಕ ಅಲ್ಲಿಯ ಸಾಮಾನ್ಯ ವೈದ್ಯರಿಗೆ ಮನೋವೈದ್ಯದ ತರಬೇತಿ ಕೊಡುವಲ್ಲಿ ಇದೇ ಸಂಸ್ಥೆಯ ಡಾ. ಆರ್. ಶ್ರೀನಿವಾಸಮೂರ್ತಿ ಮುಂದಾದರು. 1985ರ ಸುಮಾರಿಗೆ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಪ್ರಯೋಗವೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 1999ರ ಒಡಿಶಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿಗಳಲ್ಲಿ ಊರಿನ ಹುಡುಗ ಹುಡುಗಿಯರಿಗೇ ತರಬೇತಿ ಕೊಟ್ಟು ಮನೆಮನೆಗೆ ಕಳಿಸುವ ಪದ್ಧತಿ ಗಟ್ಟಿಯಾಯಿತು. ಈ ಕೆಲಸಕ್ಕೆ ದೊಡ್ಡ ಡಿಗ್ರಿ ಬೇಕಿಲ್ಲ. ನಡೆದದ್ದನ್ನು ಒತ್ತಾಯಿಸಿ ಹೇಳಿಸಬಾರದು, ಹೇಳಿದರೆ ನಡುವೆ ಬಾಯಿ ಹಾಕಬಾರದು, ‘ಆದದ್ದಾಯಿತು, ಮರೆತುಬಿಡಿ’ ಎನ್ನಬಾರದು. ವಾರಗಟ್ಟಲೆ ಊಟ ನಿದ್ದೆ ಬಿಟ್ಟವರನ್ನು, ಸಾಯುವ ಮಾತಾಡುವವರನ್ನು ತಜ್ಞರ ಬಳಿಗೆ ಕಳಿಸಬೇಕು. 2022ರಿಂದ 14416 ಸಂಖ್ಯೆಗೆ ಫೋನ್ ಮಾಡಿದರೆ ಕನ್ನಡದಲ್ಲೇ ಪುಕ್ಕಟೆ ಸಲಹೆ ಸಿಗುತ್ತದೆ.

ಫೋನಿನಲ್ಲಿ ಸಿಗದ ಒಂದು ವಸ್ತು ಓಣಿ. 2009ರ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ ‘ಆಸರೆ’ ಮನೆಗಳು ಎದ್ದವು. ದನ ಕಟ್ಟಲು ಜಾಗವಿಲ್ಲ, ಹೊಲ ದೂರ ಎಂದು ಅನೇಕ ಕಡೆ ಜನ ಅಲ್ಲಿಗೆ ಹೋಗಲಿಲ್ಲ. ಅದನ್ನು ಹಠವೆಂದು ಅಧಿಕಾರಿಗಳು ಬಗೆದಿದ್ದರೆ ಆಶ್ಚರ್ಯವಿಲ್ಲ. ಆದರೆ ನೆರೆಮನೆಯವರನ್ನು ಚದುರಿಸಿ ಚೀಟಿ ಎತ್ತಿ ಮನೆ ಹಂಚಿದರೆ ಸಂಕಟದ ರಾತ್ರಿಯಲ್ಲಿ ಕರೆಯುವುದು ಯಾರನ್ನು? ಹೊಸ ನೆಲೆಗೆ ಹೋಗುವಾಗ ಓಣಿಗೆ ಓಣಿಯೇ ಹೋಗಬೇಕು. ಗುಡಿ, ದರ್ಗಾ, ಭಜನೆಯ ಕಟ್ಟೆ, ಶಾಲೆ ಮನೆಗಿಂತ ಹಿಂದೆ ಬೀಳಬಾರದು. ಈ ಮಾತು ಹುಕ್ಕೇರಿ ತಾಲ್ಲೂಕಿಗೆ ಹೊಸದಲ್ಲ. ಹಿಡಕಲ್ ಜಲಾಶಯಕ್ಕಾಗಿ ಊರು ಬಿಟ್ಟವರು ಅಲ್ಲಿದ್ದಾರೆ. ಬೇಸಿಗೆಯಲ್ಲಿ ನೀರು ಇಳಿದಾಗ ಹುನ್ನೂರಿನ ವಿಠ್ಠಲನ ಗುಡಿ ಕೆಸರಿನ ಮೇಲೆ ಎದ್ದು ಕಾಣುತ್ತದೆ, ಜನ ನಡೆದುಕೊಂಡು ಹೋಗಿ ಕೈಮುಗಿದು ಬರುತ್ತಾರೆ.