ಗೆದ್ದ ತಂಡದ ದಫ್ತರ

ಆಟವೆಂಬುದು ಆಡಿದವರಿಗೆ ಒಂದು ಬಗೆ, ನೋಡಿದವರಿಗೆ ಇನ್ನೊಂದು ಬಗೆ, ಬಾನುಲಿಯ ಮುಂದೆ ಕುಳಿತು ಕೇಳಿದವರಿಗೆ ಮತ್ತೊಂದು ಬಗೆ. 1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಪ್ರಾರಂಭವಾದ ಮೇಲೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಮನೆಗಳಿಗೆ ಈ ಮೂರನೆಯ ಬಗೆಯ ಸುಖವೂ ಪರಿಚಿತವಾಯಿತು. ಗೋಲು ಆಯಿತೆಂದು ವರ್ಣನೆಗಾರನು ಕೂಗಿದಾಗ ಅಡಿಗೆಮನೆಯಲ್ಲಿದ್ದವರೂ ಪಡಸಾಲೆಗೆ ಬಂದು ನಿಲ್ಲುತ್ತಾರೆ. ಪಂದ್ಯ ಮುಗಿದು ಗುಂಡಿ ತಿರುಗಿಸಿದರೆ ದನಿ ನಿಂತಿತು. ಹಾಗಾದರೆ ಆ ಆಟ ಎಲ್ಲಿ ಹೋಯಿತು? ಕೇಳಿದವರ ನೆನಪಿನಲ್ಲಿ ಹತ್ತಿಪ್ಪತ್ತು ವರ್ಷ ಇದ್ದೀತು. ಮೊಮ್ಮಕ್ಕಳಿಗೂ ಅದು ಸಿಗಬೇಕೆಂದರೆ ಯಾರಾದರೂ ಬರೆದಿಡಬೇಕು, ಬರೆದುದನ್ನು ಕಾಯ್ದಿಡಬೇಕು, ಕಾಯ್ದಿಟ್ಟುದನ್ನು ಹತ್ತು ಜನರಿಗೆ ತೋರಿಸಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಗೆದ್ದ ತಂಡವು ಆಡದೆ ಇದ್ದ ತಂಡದಂತೆಯೇ ಆಗಿಬಿಡುತ್ತದೆ. ಇದಕ್ಕೆ ದೃಷ್ಟಾಂತವನ್ನು ದೂರ ಹುಡುಕಬೇಕಾಗಿಲ್ಲ. ಕನ್ನಡ ನಾಡಿನ ಕಾಲ್ಚೆಂಡಾಟದ ಚರಿತ್ರೆಯಲ್ಲಿಯೇ ಅದು ಇದೆ.

ಮುಂಬಯಿಯಲ್ಲಿ ರೋವರ್ಸ್ ಕಪ್ ಎಂಬ ಪಂದ್ಯಾವಳಿ 1891ರಲ್ಲಿ ಆರಂಭವಾಯಿತು. ಅದು ಬ್ರಿಟಿಷ್ ದಂಡಿನ ಪಲ್ಟಣಗಳ ಆಟ. ನಾಲ್ಕು ದಶಕಗಳು ಕಳೆದರೂ ಆ ಬಟ್ಟಲು ಯಾವ ಭಾರತೀಯ ತಂಡಕ್ಕೂ ದಕ್ಕಲಿಲ್ಲ. 1937ರಲ್ಲಿ ಅದನ್ನು ಮೊತ್ತಮೊದಲು ಗೆದ್ದ ಭಾರತೀಯ ತಂಡ ಯಾವುದೆಂದು ತಾವು ಬಲ್ಲಿರಾ? ಅದು ಬೆಂಗಳೂರಿನದು, ಬ್ಯಾಂಗಲೋರ್ ಮುಸ್ಲಿಮ್ಸ್ ಎಂಬುದು ಅದರ ಹೆಸರು. ಅಂತಿಮ ಪಂದ್ಯದಲ್ಲಿ ಅದು ಒಂದು ಗೋಲಿನಿಂದ ಸೋಲಿಸಿದ್ದು ಕಲಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು. ಆ ತಂಡವೇನು ಸಾಮಾನ್ಯವೇ? 1934ರಿಂದ 1938ರ ವರೆಗೆ ಐದು ವರ್ಷ ಬಿಡದೆ ಕಲಕತ್ತೆಯ ಲೀಗ್ ಪಂದ್ಯಾವಳಿಯನ್ನು ಗೆದ್ದ ತಂಡ ಅದು. ಮರುವರ್ಷ, 1938ರಲ್ಲಿ, ಬೆಂಗಳೂರಿನವರು ಒಂದು ಬ್ರಿಟಿಷ್ ಪಲ್ಟಣವನ್ನು ಸೋಲಿಸಿ ಬಟ್ಟಲನ್ನು ಮತ್ತೆ ತಮ್ಮಲ್ಲಿಯೇ ಉಳಿಸಿಕೊಂಡರು.

ಈಗ ಒಂದು ವಿಚಿತ್ರವನ್ನು ನೋಡಿರಿ. ಸೋತ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡದ ಹೆಸರನ್ನು ಪತ್ರಿಕೆಯ ಆಟದ ಪುಟ ಓದುವ ಹುಡುಗರೆಲ್ಲ ಬಲ್ಲರು. ಗೆದ್ದ ಬೆಂಗಳೂರು ತಂಡದ ಹೆಸರು ಕನ್ನಡ ನಾಡಿನಲ್ಲಿಯೇ ಎಷ್ಟು ಜನರಿಗೆ ಗೊತ್ತು? ಕಾರಣ ಸರಳವಾಗಿದೆ. ಕಲಕತ್ತೆಯ ದೊಡ್ಡ ಸಂಘಗಳಿಗೆ ಸ್ವಂತ ಮೈದಾನ, ಸ್ವಂತ ಸದಸ್ಯರು, ಅವರ ಸುದ್ದಿಯನ್ನು ದಿನವೂ ಬರೆಯುವ ಬಂಗಾಲಿ ಪತ್ರಿಕೆಗಳು ಇದ್ದವು. 1911ರ ಜುಲೈ 29ರಂದು ಮೋಹನ್ ಬಾಗಾನ್ ತಂಡವು ಈಸ್ಟ್ ಯಾರ್ಕ್‌ಶೈರ್ ಪಲ್ಟಣವನ್ನು ಸೋಲಿಸಿ ಐ.ಎಫ್.ಎ. ಶೀಲ್ಡ್ ಗೆದ್ದಿತು, ಆ ದಿನವನ್ನು ಅಲ್ಲಿಯವರು ಈಗಲೂ ಹಬ್ಬದಂತೆ ಆಚರಿಸುತ್ತಾರೆ. ಹೇಳುವವರು ಇದ್ದ ಕಡೆ ಕಥೆ ಬೆಳೆಯಿತು. ನಾವು ಗೆದ್ದೆವು, ಮನೆಗೆ ಬಂದೆವು, ಸುಮ್ಮನಾದೆವು.

ಲಂಡನ್ನಿನ 1948ರ ಒಲಿಂಪಿಕ್ ಕೂಟದ ಸಂಗತಿಯೂ ಹೀಗೆಯೇ. ಜುಲೈ 31ರಂದು ಸ್ವತಂತ್ರ ಭಾರತದ ತಂಡವು ಫ್ರಾನ್ಸಿನೊಡನೆ ಆಡಿತು. ನಮ್ಮವರಲ್ಲಿ ಹೆಚ್ಚಿನವರದು ಬರಿಗಾಲು. ಕೊನೆಯ ಗಳಿಗೆಯಲ್ಲಿ ಎದುರಾಳಿಗಳು ಎರಡನೆಯ ಗೋಲು ಹೊಡೆದು ಗೆದ್ದರು. ಭಾರತದ ಪಾಲಿನ ಒಂದು ಗೋಲು ಹೊಡೆದವರು ಸಾರಂಗಪಾಣಿ ರಾಮನ್, ಬೆಂಗಳೂರಿನವರು. ಒಲಿಂಪಿಕ್ ಕಾಲ್ಚೆಂಡಾಟದಲ್ಲಿ ಭಾರತದ ಮೊಟ್ಟಮೊದಲ ಗೋಲು ಅದು. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹಮದ್ ಖಾನ್ ಮತ್ತು ಧನರಾಜ್ ಮುಂದೆ ಕಲಕತ್ತೆಯ ಈಸ್ಟ್ ಬೆಂಗಾಲ್ ತಂಡ ಸೇರಿದರು. ಆ ತಂಡದ ಮುಂದಾಳುಗಳಾದ ಐವರನ್ನು ಬಂಗಾಲದವರು ಪಂಚಪಾಂಡವರೆಂದು ಕರೆದು ಇಂದಿಗೂ ಕೊಂಡಾಡುತ್ತಾರೆ. ಆ ಐವರಲ್ಲಿ ಇಬ್ಬರು ನಮ್ಮವರು. ನಮ್ಮ ಆಟಗಾರರ ಕೀರ್ತಿಯನ್ನು ತಿಳಿಯಲು ನಾವು ಬಂಗಾಲದ ನೆನಪನ್ನು ಎರವಲು ತರಬೇಕಾಗಿದೆ.

ಬೈಲಹೊಂಗಲದವರಿಗೂ ಕಿತ್ತೂರಿನವರಿಗೂ ಈ ನೋವು ಹೊಸದಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಬಿದ್ದನು, ಗೆಲವು ಕಿತ್ತೂರಿನದಾಯಿತು. ಡಿಸೆಂಬರಿನಲ್ಲಿ ಕೋಟೆಯು ಕುಂಪಣಿಯ ವಶವಾಯಿತು. ರಾಣಿ ಚೆನ್ನಮ್ಮನವರು 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿಯೇ ತೀರಿಕೊಂಡರು. ಈ ಕಥೆಯನ್ನು ಬರೆಯಹೊರಟವರು ಇಂಗ್ಲಿಷ್ ಅಧಿಕಾರಿಗಳು ಒಬ್ಬರಿಗೊಬ್ಬರು ಬರೆದ ಪತ್ರಗಳನ್ನೇ ಮೊದಲು ತಿರುವಬೇಕಾಯಿತು. ಊರವರ ಕಡೆಯ ಮಾತು ಬಹುಮಟ್ಟಿಗೆ ಲಾವಣಿಕಾರರ ಬಾಯಲ್ಲಿ ಉಳಿಯಿತು. ಅವರು ಹಾಡದಿದ್ದರೆ ಆ ಅಕ್ಟೋಬರ್ ತಿಂಗಳ ಗೆಲವು ಕುಂಪಣಿಯ ಕಡತದೊಳಗಿನ ಒಂದು ದಂಗೆಯಾಗಿ ಉಳಿಯುತ್ತಿತ್ತು. ದಫ್ತರ ಯಾರ ಕೈಯಲ್ಲಿರುವುದೋ ಚರಿತ್ರೆಯು ಅವರ ದನಿಯಲ್ಲಿ ಮಾತನಾಡುತ್ತದೆ.

ಕಾಯ್ದಿಡುವುದೆಂದರೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದಲ್ಲ. ನಮ್ಮ ಹಿರಿಯರು ಇದನ್ನು ಚೆನ್ನಾಗಿ ಅರಿತಿದ್ದರು. ಸವದತ್ತಿಯ ರಟ್ಟರು ತಮ್ಮ ದಾನದ ವಿವರವನ್ನು ಕಲ್ಲಿನ ಮೇಲೆ ಕೊರೆಯಿಸಿದರು. ಕೊರೆಯಿಸಿದ ಕಲ್ಲನ್ನು ಉಗ್ರಾಣದಲ್ಲಿ ಇಡದೆ ದೇಗುಲದಲ್ಲಿ ಹತ್ತು ಜನರ ಕಣ್ಣೆದುರು ನಿಲ್ಲಿಸಿದರು. ಓದಬಲ್ಲವನು ಓದಲಿ, ತಪ್ಪು ನಡೆದರೆ ಕೇಳಲಿ ಎಂಬುದು ಅದರ ಉದ್ದೇಶ. ಆ ಕಲ್ಲುಗಳು ಇದ್ದುದರಿಂದಲೇ ಹತ್ತೊಂಬತ್ತನೆಯ ಶತಮಾನದಲ್ಲಿ ಫ್ಲೀಟರು ರಟ್ಟರ ವಂಶಾವಳಿಯನ್ನು ಜೋಡಿಸಿ ಅಚ್ಚು ಹಾಕಿಸಲು ಸಾಧ್ಯವಾಯಿತು.

ತಾಳೆಗರಿಯ ಕಥೆ ಇನ್ನೂ ಸ್ಪಷ್ಟವಾದುದು. ವಚನಗಳ ಕಟ್ಟುಗಳು ನಮ್ಮ ಭಾಗದ ಎಷ್ಟೋ ಮನೆ ಮಠಗಳ ಜಗಲಿಯ ಮೇಲೆ ಇದ್ದವು. ಅವುಗಳಿಗೆ ವಿಭೂತಿ ಹಚ್ಚುತ್ತಿದ್ದರು, ಹೂವು ಏರಿಸುತ್ತಿದ್ದರು. ಕಟ್ಟು ಬಿಚ್ಚಿ ಓದುವವರು ವಿರಳ. ಫ. ಗು. ಹಳಕಟ್ಟಿಯವರು ಮನೆ ಮನೆ ತಿರುಗಿ ಅವುಗಳನ್ನು ಬಿಚ್ಚಿಸಿ ಪ್ರತಿ ಮಾಡಿದರು. 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚಾಯಿತು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಹೊರಟಿತು. ಅದುವರೆಗೆ ಗರಿಗಳಲ್ಲಿ ಮಲಗಿದ್ದ ಮಾತು ಆಮೇಲೆ ನಾಡಿನ ಮಾತಾಯಿತು. ಗರಿಗಳನ್ನು ಕಾಯ್ದವರ ಪುಣ್ಯ ದೊಡ್ಡದೇ. ಹಂಚಿದವರಿಲ್ಲದಿದ್ದರೆ ಆ ಪುಣ್ಯ ಗೆದ್ದಲಿನ ಪಾಲಾಗುತ್ತಿತ್ತು.

ಹಂಚುವುದರಿಂದ ಮತ್ತೊಂದು ಲಾಭವಿದೆ. ಒಂದೇ ಹಸ್ತಪ್ರತಿ ಇದ್ದರೆ ಲಿಪಿಕಾರನ ತಪ್ಪೂ ಶಾಸ್ತ್ರವಾಗುತ್ತದೆ. ಎರಡು ಮೂರು ಪ್ರತಿಗಳಿದ್ದರೆ ಪಾಠಾಂತರ ನೋಡಿ ಶುದ್ಧ ಪಾಠವನ್ನು ಹಿಡಿಯಬಹುದು. ಆಟದ ದಾಖಲೆಯೂ ಹಾಗೆಯೇ. ರಾಜ್ಯಗಳ ತಂಡಗಳು ಆಡುವ ಸಂತೋಷ್ ಟ್ರೋಫಿಯು 1941ರಲ್ಲಿ ಆರಂಭವಾಯಿತು. ಅದರ ವಿಜೇತರ ಪಟ್ಟಿಯಲ್ಲಿ 1946-47, 1952-53, 1967-68 ಮತ್ತು 1968-69ರ ಎದುರಿಗೆ ಮೈಸೂರು ಎಂಬ ಹೆಸರಿದೆ. ಇಂದಿನ ಹುಡುಗನು ಅದನ್ನು ಮೈಸೂರು ನಗರವೆಂದು ತಿಳಿದರೆ ತಪ್ಪು ಅವನದಲ್ಲ. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ನಮ್ಮ ಬೆಳಗಾವಿ ಜಿಲ್ಲೆಯಂತೂ 1956ರ ನವೆಂಬರ್ 1ರ ವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಹೀಗಾಗಿ ಮೊದಲಿನ ಎರಡು ಗೆಲವುಗಳ ಕಾಲದಲ್ಲಿ ಆ ತಂಡವು ನೆರೆಯ ಸೀಮೆಯದು. ಕೊನೆಯ ಎರಡರ ಕಾಲಕ್ಕೆ ನಮ್ಮದು. ಇಷ್ಟು ಟಿಪ್ಪಣಿ ಜೊತೆಗಿಲ್ಲದಿದ್ದರೆ ಪಟ್ಟಿ ಇದ್ದೂ ಅರ್ಥವಿಲ್ಲ. 2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾಧಿನಲ್ಲಿ ಕರ್ನಾಟಕವು ಮೇಘಾಲಯವನ್ನು 3-2 ಗೋಲುಗಳಿಂದ ಸೋಲಿಸಿ, ಐವತ್ತನಾಲ್ಕು ವರ್ಷಗಳ ಮೇಲೆ ಆ ಬಟ್ಟಲನ್ನು ಮರಳಿ ತಂದಿತು. ಆ ಐವತ್ತನಾಲ್ಕನ್ನು ಎಣಿಸಲು ಹಳೆಯ ಪಟ್ಟಿಯೇ ಬೇಕಾಯಿತಲ್ಲವೆ?

ಈಗಿನ ಕಾಲ ಬೇರೆ, ಎಲ್ಲವೂ ಚಿತ್ರದಲ್ಲಿ ಸಿಗುತ್ತದೆ ಎಂದು ತಾವು ಹೇಳಬಹುದು. ಬೆಂಗಳೂರು ಎಫ್.ಸಿ. ಎಂಬ ವೃತ್ತಿಪರ ತಂಡವು 2013ರಲ್ಲಿ ಹುಟ್ಟಿ, ಮೊದಲ ವರ್ಷವೇ ಐ-ಲೀಗ್ ಗೆದ್ದು, 2016ರಲ್ಲಿ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯ ಮುಟ್ಟಿದ ಮೊದಲ ಭಾರತೀಯ ತಂಡವಾಯಿತು. ಅದರ ಪಂದ್ಯಗಳು ಚಿತ್ರದಲ್ಲಿವೆ, ನಿಜ. ಆದರೆ ವೃತ್ತಿಪರ ತಂಡವೆಂದರೆ ಒಂದು ವ್ಯವಹಾರ. ಅದು ನಡೆಯುವವರೆಗೆ ನಡೆದೀತು. ಮಹೀಂದ್ರ ಯುನೈಟೆಡ್, ಜೆ.ಸಿ.ಟಿ.ಯಂತಹ ಹೆಸರಾಂತ ತಂಡಗಳು ಕ್ರಮವಾಗಿ 2010 ಮತ್ತು 2011ರಲ್ಲಿ ಮುಚ್ಚಿದವು. ರೋವರ್ಸ್ ಕಪ್ಪು ಕೂಡ ಈ ಶತಮಾನದ ಆರಂಭದಲ್ಲಿ ನಿಂತುಹೋಯಿತು. ತಂಡ ಮುಚ್ಚಿದ ಮರುದಿನ ಅದರ ಕಪಾಟುಗಳ ಬೀಗದ ಕೈ ಯಾರ ಬಳಿ ಇರುತ್ತದೆ? ರಾಮದುರ್ಗದವರಿಗೆ ಇದು ಬೇಗ ತಿಳಿದೀತು. 1948ರಲ್ಲಿ ಅವರ ಸಂಸ್ಥಾನವು ವಿಲೀನವಾಯಿತು, ಅರಸೊತ್ತಿಗೆ ಮುಗಿಯಿತು. ಸನದು, ಇನಾಮುಗಳ ಕಾಗದಗಳ ಅಗತ್ಯ ಮಾತ್ರ ಅಂದಿಗೆ ಮುಗಿಯಲಿಲ್ಲ. ತಂಡಕ್ಕಿಂತ ತಂಡದ ದಫ್ತರಕ್ಕೆ ಹೆಚ್ಚು ಆಯುಷ್ಯ ಬೇಕು.

ಹೊರಗಿನವರು ಇದನ್ನು ಮನಗಂಡಿದ್ದಾರೆ. ಇಂಗ್ಲಂಡಿನವರು ಕಾಲ್ಚೆಂಡಾಟಕ್ಕಾಗಿಯೇ 2001ರಲ್ಲಿ ಪ್ರೆಸ್ಟನ್ನಿನಲ್ಲಿ ರಾಷ್ಟ್ರೀಯ ವಸ್ತುಸಂಗ್ರಹಾಲಯ ತೆರೆದು 2012ರಲ್ಲಿ ಅದನ್ನು ಮ್ಯಾಂಚೆಸ್ಟರಿಗೆ ಒಯ್ದರು. ಅಂತಹ ಸ್ಥಳದಲ್ಲಿ ಬಟ್ಟಲುಗಳಷ್ಟೇ ಅಲ್ಲ, ಚೀಟಿ ಚಿಪಾಟಿಗಳಿಗೂ ಬೆಲೆಯುಂಟು. ಬಟ್ಟಲು ಗೆದ್ದುದನ್ನು ಮಾತ್ರ ಹೇಳುತ್ತದೆ. ಪ್ರಯಾಣದ ಖರ್ಚಿನ ಚೀಟಿಯು ಯಾರು ಯಾರು ಹೋದರು, ಯಾವ ದರ್ಜೆಯಲ್ಲಿ ಕುಳಿತರು, ಊಟಕ್ಕೆ ಹಣ ಕೊಟ್ಟವರಾರು ಎಂಬುದನ್ನೂ ಹೇಳುತ್ತದೆ. ಸಭೆಯ ನಡಾವಳಿಯು ಒಬ್ಬ ಆಟಗಾರನನ್ನು ಏಕೆ ಬಿಟ್ಟರೆಂಬುದನ್ನು ಹೇಳುತ್ತದೆ. ಆಡದೆ ಕುಳಿತ ಹನ್ನೆರಡನೆಯವನ ಹೆಸರು ಅಲ್ಲಿ ಮಾತ್ರ ಸಿಕ್ಕೀತು.

ನಮ್ಮ ಊರುಗಳು ಕುಸ್ತಿಗೆ, ಕಬಡ್ಡಿಗೆ, ಖೋಖೋಗೆ ಹೆಸರಾದವು. ಕಾಲ್ಚೆಂಡಿನ ಬಟ್ಟಲು ಇಲ್ಲಿ ಕಡಿಮೆ. ಆದರೂ ನಾನು ಹೇಳುವ ಮಾತು ಎಲ್ಲ ಆಟಗಳಿಗೂ ಸಲ್ಲುತ್ತದೆ. ಯಾವ ಪ್ರೌಢಶಾಲೆಗೆ ಹೋದರೂ ಮುಖ್ಯಾಧ್ಯಾಪಕರ ಕೊಠಡಿಯಲ್ಲಿ ಕಟ್ಟು ಹಾಕಿದ ಒಂದು ಸಾಮೂಹಿಕ ಚಿತ್ರ ಕಾಣುತ್ತದೆ. ನಡುವೆ ಶೀಲ್ಡು, ಹಿಂದೆ ಕೈಕಟ್ಟಿ ನಿಂತ ಹುಡುಗರು. ಕೆಳಗಿನ ಹೆಸರುಗಳು ಮಳೆಗಾಲದ ಥಂಡಿಗೆ ಮಾಸಿರುತ್ತವೆ. ಆ ಹುಡುಗರಲ್ಲಿ ಕೆಲವರು ಇನ್ನೂ ಇದೇ ಊರಿನಲ್ಲಿ ಅಜ್ಜಂದಿರಾಗಿ ಇದ್ದಾರೆ. ಅವರನ್ನು ಕೇಳಲು ಇರುವ ಕಾಲ ಬಹಳವಿಲ್ಲ.

ಕೆಲಸವೇನೂ ಕಷ್ಟದ್ದಲ್ಲ. ಚಿತ್ರಕ್ಕಾಗಲಿ ಕತ್ತರಿಸಿಟ್ಟ ಪತ್ರಿಕೆಗಾಗಲಿ ಅಂಟು ಪಟ್ಟಿ ಹಚ್ಚಬೇಡಿರಿ. ಟಾಚಣಿ ಚುಚ್ಚಿದ್ದರೆ ತೆಗೆದುಬಿಡಿರಿ, ಅದು ತುಕ್ಕು ಹಿಡಿದು ಕಾಗದವನ್ನು ತಿನ್ನುತ್ತದೆ. ಹಸಿ ಗೋಡೆ, ಬಿಸಿಲು ಇವೆರಡರಿಂದಲೂ ದೂರವಿಡಿರಿ. ಒಗೆದು ಒಣಗಿಸಿದ ಹತ್ತಿಯ ಬಟ್ಟೆಯಲ್ಲಿ ಕಟ್ಟಿರಿ. ಮನೆಯ ಮಕ್ಕಳ ಮೊಬೈಲಿನಲ್ಲಿ ಪ್ರತಿಯೊಂದರ ಚಿತ್ರ ತೆಗೆಸಿ ಎರಡು ಕಡೆ ಇಡಿಸಿರಿ. ಏನೇನಿದೆ ಎಂಬ ಯಾದಿಯನ್ನು ಬರೆದು ಊರಿನ ಗ್ರಂಥಾಲಯಕ್ಕೆ ಒಂದು ಪ್ರತಿ ಕೊಡಿರಿ. ಹೆಚ್ಚಿನ ಮಹತ್ವದ್ದೆಂದು ಕಂಡರೆ ಧಾರವಾಡದಲ್ಲಿ 1939ರಲ್ಲಿ ಸ್ಥಾಪನೆಯಾದ ಕನ್ನಡ ಸಂಶೋಧನ ಸಂಸ್ಥೆಯಿದೆ. ಹಳೆಯ ಕಾಗದಗಳ ಮರ್ಯಾದೆ ಬಲ್ಲವರನ್ನು ಅಲ್ಲಿ ವಿಚಾರಿಸಬಹುದು. ಮೂಲವು ತಮ್ಮ ಮನೆಯಲ್ಲಿಯೇ ಇರಲಿ, ಪ್ರತಿ ಮಾತ್ರ ಊರಿಗೆ ಸಲ್ಲಲಿ.

ಎಲ್ಲಕ್ಕೂ ಮೊದಲು ಚಿತ್ರದ ಹಿಂಬದಿಯಲ್ಲಿ, ಎಡದಿಂದ ಬಲಕ್ಕೆ, ನಿಂತವರ ಮತ್ತು ಕುಳಿತವರ ಹೆಸರು, ಊರು, ವರ್ಷಗಳನ್ನು ಬರೆಯಿರಿ. ಶಾಯಿ ಬೇಡ, ಅದು ಒಳಗಿಳಿದು ಮುಖದ ಮೇಲೆ ಮೂಡೀತು. ಮೆಲ್ಲಗೆ ಬರೆಯಲು ಒಂದು ಪೆನ್ಸಿಲು ಸಾಕು.